ಓ ಪಾಸಿಟಿವ್ ಮತ್ತು ಕಾಗೆ ಎಂಜಲು

ಬಲೂನು ಊದುವ ಪರೀಕ್ಷೆಯಲ್ಲಿ ಫೇಲಾದವರನ್ನು ನೀವು ನೋಡಿದ್ದೀರಾ? ಈ ಅಂಕಣ ಬರೆಯುತ್ತಿರುವವಳೇ ಫೇಲಾಗಿದ್ದಾಳೆ. ಕಳೆದ ತಿಂಗಳು, ನಲವತ್ತೇಳನೇ ವಯಸ್ಸಿನಲ್ಲಿ, ಇದೇ ಪರ್ತ್‌ನಲ್ಲಿ.

ಪರೀಕ್ಷೆಯೇನೂ ಕಷ್ಟದ್ದಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಒಂದು ಕ್ಯಾಪ್ಸೂಲ್ ನುಂಗಬೇಕು. ಹತ್ತು ನಿಮಿಷ ಸುಮ್ಮನೆ ಕೂತು, ಆಮೇಲೆ ನರ್ಸ್ ಕೊಟ್ಟ ಬಲೂನಿಗೆ ಉಸಿರು ತುಂಬಬೇಕು. ನಾನು ಕೆನ್ನೆ ಉಬ್ಬಿಸಿಕೊಂಡು ಊದಿದೆ. ನಾಲ್ಕು ದಿನಕ್ಕೆ ರಿಪೋರ್ಟ್ ಬಂತು. ನನ್ನ ಹೊಟ್ಟೆಯಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಬಿಡಾರ ಹೂಡಿದೆಯಂತೆ. (ಹೆಸರು ಹೇಳಲು ನಾಲಿಗೆ ತಿರುಗದಿದ್ದರೆ ಚಿಂತೆಯಿಲ್ಲ. ಅದು ಇರುವುದು ನಾಲಿಗೆಯಲ್ಲಲ್ಲ, ಜಠರದಲ್ಲಿ.)

ಎರಡು ವರ್ಷದಿಂದ ಹೊಟ್ಟೆ ಉರಿಯುತ್ತಿತ್ತು. ಇಲ್ಲಿನ ವೆಲ್ಷ್‌ಪೂಲ್‌ನ ಗೋದಾಮೊಂದರಲ್ಲಿ ಯಾವ ಮಾಲು ಯಾವ ಲಾರಿಗೆ ಎಂದು ನೋಡುವುದು ನನ್ನ ಕೆಲಸ. ಬೆಳಿಗ್ಗೆ ಹನ್ನೊಂದಾಯಿತೆಂದರೆ ಎದೆಗೂಡಿನ ಕೆಳಗೆ ಯಾರೋ ಒಗ್ಗರಣೆ ಹಾಕಲು ಶುರು ಮಾಡುತ್ತಿದ್ದರು. ಲಾರಿ ಡ್ರೈವರ್ ಒಬ್ಬ 'ಇಂಡಿಯನ್ ಕರಿ' ತಿನ್ನೋದು ಬಿಡು ಅಂದ. ನಮ್ಮನೆಯವರು ಉಪ್ಪಿನಕಾಯಿ ಬಿಡು ಅಂದರು. ಅಡಿಲೇಡ್‌ನಲ್ಲಿರುವ ನನ್ನಣ್ಣ ಟೆನ್ಶನ್ ಬಿಡು ಅಂದ. ನಾನು ಯಾವುದನ್ನೂ ಬಿಡದೆ ಸರ್ವೋಗೆ ಹೋಗಿ (ಇಲ್ಲಿ ಪೆಟ್ರೋಲ್ ಬಂಕಿಗೆ ಹಾಗನ್ನುತ್ತಾರೆ) ಆ್ಯಸಿಡಿಟಿ ಮಾತ್ರೆ ಕೊಂಡು ಚೀಪುತ್ತಿದ್ದೆ.

ಕೊನೆಗೆ ಡಾಕ್ಟರ್ ಹತ್ತಿರ ಹೋದೆ, ಬಲೂನು ಊದಿದೆ, ರಿಪೋರ್ಟ್ ಹಿಡಿದು ಮತ್ತೆ ಹೋದೆ. ಹೊಟ್ಟೆಯ ಹುಣ್ಣಿಗೆ ಟೆನ್ಶನ್ನೂ ಅಲ್ಲ, ಖಾರವೂ ಅಲ್ಲ, ಒಂದು ಬ್ಯಾಕ್ಟೀರಿಯಾ ಕಾರಣ ಎಂದು ಜಗತ್ತಿಗೆ ತೋರಿಸಿಕೊಟ್ಟವರು ಇದೇ ಪರ್ತ್‌ನ ಇಬ್ಬರು ವೈದ್ಯರು ಎಂದು ಆಕೆ ಹೆಮ್ಮೆಯಿಂದ ಹೇಳಿದರು. ಅವರಲ್ಲೊಬ್ಬರು ಅದನ್ನು ಸಾಬೀತು ಮಾಡಲು ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದರಂತೆ. ನಾನು ಇಲ್ಲಿ ಹದಿನೈದು ವರ್ಷದಿಂದ ಇದ್ದೇನೆ, ಯಾರೂ ಹೇಳಿರಲಿಲ್ಲ.

"ನಿಮ್ಮ ಬ್ಲಡ್ ಗ್ರೂಪ್ ಯಾವುದು?" ಎಂದು ಡಾಕ್ಟರ್ ಕೇಳಿದರು.

"ಓ ಪಾಸಿಟಿವ್," ಎಂದು ಥಟ್ಟನೆ ಹೇಳಿದೆ. ಅವರಿಗೆ ಆಶ್ಚರ್ಯ. ಇಲ್ಲಿ ಎಷ್ಟೋ ಮಂದಿಗೆ ತಮ್ಮ ಬ್ಲಡ್ ಗ್ರೂಪ್ ಗೊತ್ತಿರುವುದಿಲ್ಲವಂತೆ. ನಮಗೆ ಗೊತ್ತಿಲ್ಲದೆ ಇರುತ್ತದೆಯೇ? ಮೈಸೂರಿನಲ್ಲಿ ಮಾಡಿಸಿದ ಡ್ರೈವಿಂಗ್ ಲೈಸೆನ್ಸಿನ ಮೇಲೆ ನನ್ನ ಫೋಟೋಗಿಂತ ಸ್ಪಷ್ಟವಾಗಿ ಅದೇ ಕಾಣುತ್ತಿತ್ತು.

ಓ ಗುಂಪಿನವರಲ್ಲಿ ಹೊಟ್ಟೆಯ ಹುಣ್ಣು ಸ್ವಲ್ಪ ಹೆಚ್ಚು ಎಂದರು ಡಾಕ್ಟರ್. ರಕ್ತದ ಕಣದ ಮೇಲಿರುವಂಥ ಗುರುತು ಹೊಟ್ಟೆಯ ಒಳಪದರದ ಮೇಲೂ ಇರುತ್ತದೆ, ನಮ್ಮ ಗುಂಪಿನ ಗುರುತನ್ನು ಈ ಬ್ಯಾಕ್ಟೀರಿಯಾ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಓಹೋ, ಹಾಗಾದರೆ ತಪ್ಪು ನನ್ನದಲ್ಲ, ರಕ್ತದ್ದು ಎಂದು ನೆಮ್ಮದಿಯಾಗುವಷ್ಟರಲ್ಲಿ ಅವರು ತಲೆಯಾಡಿಸಿದರು. ರಕ್ತ ಅದಕ್ಕೆ ಹಿಡಿದುಕೊಳ್ಳಲು ಜಾಗ ಕೊಡಬಹುದು, ಅಷ್ಟೆ. ಅದು ಬಂದು ಸೇರುವುದು ಸಾಮಾನ್ಯವಾಗಿ ಚಿಕ್ಕಂದಿನಲ್ಲಿ, ಜೊತೆಯಲ್ಲಿ ಉಂಡು ತಿಂದು ಬೆಳೆದವರಿಂದ.

"ಚಿಕ್ಕವರಿದ್ದಾಗ ಯಾರ ಜೊತೆ ತಟ್ಟೆ, ಲೋಟ, ತಿಂಡಿ ಹಂಚಿಕೊಳ್ಳುತ್ತಿದ್ದಿರಿ? ಅವರಿಗೂ ಹೊಟ್ಟೆಯ ತೊಂದರೆ ಇದ್ದರೆ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿ."

ಹಂಚಿಕೊಳ್ಳುವುದೇ? ನಮ್ಮ ಮನೆಯಲ್ಲೇ? ನಮ್ಮಲ್ಲಿ ಅದಕ್ಕೆಂದೇ ಒಂದು ಪದವಿದೆ ಎಂದು ಹೇಳಹೊರಟೆ. ಎಂಜಲು. ಇಂಗ್ಲಿಷಿನಲ್ಲಿ ಅದನ್ನು ಏನೆನ್ನುವುದು? ಉಗುಳು ಎಂದರೆ ಪೂರ್ತಿಯಾಗುವುದಿಲ್ಲ. ತಿಂದು ಬಿಟ್ಟದ್ದು ಎಂದರೂ ಸಾಲದು. ಅದರಲ್ಲಿ ಕೊಳೆಯೂ ಇದೆ, ಮಡಿಯೂ ಇದೆ, ಯಾರು ಯಾರಿಗಿಂತ ಮೇಲು ಎಂಬ ಲೆಕ್ಕಾಚಾರವೂ ಇದೆ. ಎರಡು ನಿಮಿಷ ಒದ್ದಾಡಿ ಕೈಬಿಟ್ಟೆ.

ಆದರೆ ಒಬ್ಬಳ ಹೆಸರು ಆಗಲೇ ನೆನಪಾಗಿತ್ತು. ಜೆಸ್ಸಿ ಅಕ್ಕ.

ರಕ್ತಸಂಬಂಧವಲ್ಲ. ಮೈಸೂರಿನ ವಠಾರದಲ್ಲಿ ನಮ್ಮ ಪಕ್ಕದ ಮನೆಯವಳು. ಮಂಗಳೂರು ಕಡೆಯ ಕ್ಯಾಥೊಲಿಕ್ ಕುಟುಂಬ, ಅವಳ ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ. ನನಗಿಂತ ಮೂರು ವರ್ಷ ದೊಡ್ಡವಳು. ನನಗೆ ಸೈಕಲ್ ಕಲಿಸಿದವಳು, ಮೊದಲ ಸಲ ಹೊರಗೆ ಕೂತಾಗ ಹೆದರಬೇಡ ಎಂದವಳು, ಗಣಿತದಲ್ಲಿ ಹದಿನಾಲ್ಕು ಬಂದಾಗ ನನ್ನ ಜೊತೆ ಅತ್ತವಳು. ನನ್ನ ಅಮ್ಮ ಕೆಟ್ಟವಳಲ್ಲ. ಆದರೂ ಜೆಸ್ಸಿಗೆಂದು ಒಂದು ಲೋಟವನ್ನು ಅಡುಗೆಮನೆಯ ಕಿಟಕಿಯ ಮೇಲೆ ಬೇರೆಯಾಗಿ ಬೋರಲು ಹಾಕಿರುತ್ತಿದ್ದಳು. ಬೇರೆ ಲೋಟವಾದರೂ ಜೆಸ್ಸಿ ಅಕ್ಕ ಅದನ್ನು ಕಚ್ಚಿ ಕುಡಿಯುತ್ತಿರಲಿಲ್ಲ. ತಲೆ ಹಿಂದಕ್ಕೆ ಮಾಡಿ, ತುಟಿಗೆ ತಾಗದಂತೆ ಎತ್ತಿ ಕುಡಿಯುತ್ತಿದ್ದಳು. ಹಾಗೆ ಕುಡಿಯಬೇಕೆಂದು ಅವಳಿಗೆ ಯಾರು ಹೇಳಿದ್ದರೋ ಗೊತ್ತಿಲ್ಲ.

ಮನೆಯೊಳಗಿನ ಕಾನೂನು ಅದು. ವಠಾರದ ಹಿಂದಿನ ಬಾವಿಕಟ್ಟೆಗೆ ಬೇರೆ ಕಾನೂನು. ನಿಮಗೆ ಕಾಗೆ ಎಂಜಲು ಗೊತ್ತಲ್ಲ? ಪೆಪ್ಪರಮೆಂಟಿನ ಮೇಲೆ ಲಂಗದ ಅಂಚು ಮುಚ್ಚಿ ಕಟುಕ್ಕೆಂದು ಕಚ್ಚಿದರೆ ಎರಡು ತುಂಡು. ಹಲ್ಲು ತಾಗಿದ್ದು ಬಟ್ಟೆಗೆ, ಆದ್ದರಿಂದ ಎಂಜಲಲ್ಲ. ಪೆಪ್ಪರಮೆಂಟು, ಕಡಲೆಮಿಠಾಯಿ, ಸೀಬೆಕಾಯಿ, ಎಲ್ಲವನ್ನೂ ನಾವು ಹೀಗೇ ಹಂಚಿಕೊಂಡೆವು. ಲಂಗ ಕೊಳೆಯಾದೀತೆಂದು ಆಮೇಲಾಮೇಲೆ ಬಟ್ಟೆಯನ್ನೂ ಬಿಟ್ಟೆವು. ಅವಳು ಕಚ್ಚಿದ ಸೀಬೆಕಾಯಿಯ ಉಳಿದರ್ಧ ನನ್ನದು, ನಾನು ಚೀಪಿದ ಪೆಪ್ಪರಮೆಂಟು ಅವಳದು.

ಆಮೇಲೆ ಅವಳು ನರ್ಸ್ ಆಗಿ ಮಸ್ಕತ್‌ಗೆ ಹೋದಳು. ಅಲ್ಲಿಂದ ಬ್ರಿಸ್ಬೇನ್‌ಗೆ ಬಂದು ಫಾರೆಸ್ಟ್ ಲೇಕ್‌ನಲ್ಲಿ ಮನೆ ಮಾಡಿದಳು. ನಾನು ಪರ್ತ್‌ಗೆ ಬಂದೆ. ಒಂದೇ ದೇಶಕ್ಕೆ ಬಂದುಬಿಟ್ಟೆವಲ್ಲ ಎಂದು ಫೋನಿನಲ್ಲಿ ಎಷ್ಟು ಕುಣಿದಾಡಿದೆವು. (ಒಂದೇ ದೇಶ ನಿಜ. ನಡುವೆ ನಾಲ್ಕೂವರೆ ಗಂಟೆಯ ವಿಮಾನ.) ಪ್ರತಿ ಭಾನುವಾರ ಅಲ್ಲಿನ ಕೆರೆಯ ಸುತ್ತ ವಾಕಿಂಗ್ ಮಾಡುತ್ತಾ ಅವಳು ಬಾತುಕೋಳಿಗಳ ಫೋಟೋ ಕಳಿಸುತ್ತಿದ್ದಳು.

ಆರು ವರ್ಷದ ಹಿಂದೆ ನಮ್ಮ ಮನೆಗೆ ಬಂದಳು. ಒಂದು ಶನಿವಾರ ಹಿತ್ತಲಲ್ಲಿ ಬಾರ್ಬಿ (ಬಾರ್ಬೆಕ್ಯೂಗೆ ಇಲ್ಲಿಯ ಮುದ್ದು ಹೆಸರು) ಇಟ್ಟುಕೊಂಡಿದ್ದೆವು. ನಮ್ಮನೆಯವರು ಪರ್ತ್ ಸಿಟಿಯ ಮೈನಿಂಗ್ ಕಂಪನಿಯಲ್ಲಿರುವವರು, ಅವರ ಬೆಂಗಳೂರಿನ ಸಹೋದ್ಯೋಗಿಗಳೆಲ್ಲ ಸಂಸಾರ ಸಮೇತ ಬಂದಿದ್ದರು. ಅಕ್ಕ ಮಾವಿನ ಹೋಳೊಂದನ್ನು ಕಚ್ಚಿ, ಸಿಹಿ ಇದೆಯೆಂದು ಖಾತ್ರಿ ಮಾಡಿಕೊಂಡು, ಉಳಿದದ್ದನ್ನು ಮೂರು ವರ್ಷದ ನನ್ನ ಮಗಳ ಬಾಯಿಗಿಟ್ಟಳು.

"ಅಕ್ಕ, ಮಗೂಗೆ ಎಂಜಲು ಕೊಡ್ಬೇಡ," ಅಂದೆ. ಎಲ್ಲರ ಮುಂದೆ.

ಚೈಲ್ಡ್ ಕೇರ್‌ನವರು ಫ್ಲೂ, ಕೈ ತೊಳೆಯುವುದು, ಚಮಚ ಹಂಚಿಕೊಳ್ಳಬಾರದು ಎಂದು ವಾರಕ್ಕೊಂದು ಇಮೇಲ್ ಕಳಿಸುತ್ತಿದ್ದ ಕಾಲ. ನನ್ನ ತಲೆಯಲ್ಲಿದ್ದದ್ದು ಅದು. ಬಾಯಲ್ಲಿ ಬಂದದ್ದು ಅಮ್ಮನ ಪದ. ಅಕ್ಕ ನಲ್ಲಿಯ ಹತ್ತಿರ ಹೋಗಿ ಕೈ ತೊಳೆದುಕೊಂಡಳು. ಸಂಜೆ ಊಟಕ್ಕೆ ಕೂತಾಗ ನನ್ನ ಮನೆಯ ನೀರಿನ ಗ್ಲಾಸನ್ನು ತಲೆ ಹಿಂದಕ್ಕೆ ಮಾಡಿ ಎತ್ತಿ ಕುಡಿದಳು.

ನಾನು ನೋಡಿದೆ. ನೋಡಿಯೂ ಸಾರು ಬಡಿಸುತ್ತಾ ಹೋದೆ.

ಆಮೇಲೆ ಜಗಳವೇನೂ ಆಗಲಿಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗುತ್ತಿತ್ತು. ಬಾತುಕೋಳಿಗಳು ಬರುವುದು ನಿಂತಿತು. ಫೋನೂ ನಿಂತಿತು. ದೀಪಾವಳಿಗೆ ಅವಳಿಂದ ದೀಪದ ಚಿತ್ರ, ಕ್ರಿಸ್‌ಮಸ್‌ಗೆ ನನ್ನಿಂದ ನಕ್ಷತ್ರದ ಚಿತ್ರ, ಎರಡೂ ಯಾರೋ ಫಾರ್ವರ್ಡ್ ಮಾಡಿದವು. ನನ್ನ ಫೋನಿನಲ್ಲಿ ಬ್ರಿಸ್ಬೇನ್ ಗಡಿಯಾರ ಈಗಲೂ ಇದೆ. ಎರಡು ಗಂಟೆ ಮುಂದೆ. ಗೋದಾಮಿನಲ್ಲಿ ಹನ್ನೊಂದು ಗಂಟೆಗೆ ಅದನ್ನು ನೋಡಿ, ಅಲ್ಲೀಗ ಒಂದು ಗಂಟೆ, ಅಕ್ಕ ಊಟಕ್ಕೆ ಕೂತಿರುತ್ತಾಳೆ ಎಂದುಕೊಳ್ಳುತ್ತೇನೆ. ಅವಳನ್ನು ನೋಡಬೇಕೆಂದು ಎಷ್ಟು ಆಸೆಯಾಗುತ್ತದೆ ಎಂದರೆ, ಸಂತೆಯಂಥ ಇಂಡಿಯನ್ ಅಂಗಡಿಯಲ್ಲಿ ಹಿಂದಿನಿಂದ ಅವಳಂತೆ ಜಡೆ ಹಾಕಿದ ಯಾರನ್ನು ಕಂಡರೂ ಮುಂದೆ ಹೋಗಿ ಮುಖ ನೋಡಿ ಬರುತ್ತೇನೆ. ಮಗಳಿಗೆ ಈಗ ಒಂಬತ್ತು. ಜೆಸ್ಸಿ ಆಂಟಿ ನೆನಪಿದ್ದಾಳಾ ಅಂದರೆ "ಹೂ ಈಸ್ ದಟ್?" ಅನ್ನುತ್ತಾಳೆ.

ಈಗ ಡಾಕ್ಟರ್ ಹೇಳಿದ್ದಾರೆ, ಜೊತೆಯಲ್ಲಿ ತಿಂದವರಿಗೆ ತಿಳಿಸಿ ಎಂದು. ನಾನು ಮಾಡಿದ್ದೇನು? ಮೊದಲು ಅಣ್ಣನಿಗೆ ತಿಳಿಸಿದೆ. (ಧೈರ್ಯ ಸಾಲದವರು ಸುಲಭದ ಕೆಲಸವನ್ನು ಮೊದಲು ಮಾಡುತ್ತಾರೆ.) ಅಣ್ಣನೂ ಓ ಪಾಸಿಟಿವ್. ಅವನಿಗೂ ಆಗಾಗ ಹೊಟ್ಟೆಯುಬ್ಬರ. ಆದರೆ ಅವನು ಹುಟ್ಟಾ ಶುಚಿ, ಕಾಗೆ ಎಂಜಲನ್ನೂ ಮುಟ್ಟಿದವನಲ್ಲ. ಅಡಿಲೇಡ್‌ನಲ್ಲಿ ಅವನೂ ಬಲೂನು ಊದಿದ. ನೆಗೆಟಿವ್.

"ನೋಡ್ದಾ? ರಕ್ತ ಒಂದೇ. ಕಂಡೋರ ಎಂಜಲು ತಿಂದೋಳು ನೀನು," ಅಂದ ಫೋನಿನಲ್ಲಿ, ನಗುತ್ತಾ.

ಅವನು ತಮಾಷೆಗೇ ಅಂದದ್ದು. ನನಗೆ ಮಾತ್ರ ಕಪಾಳಕ್ಕೆ ಬಾರಿಸಿದಂತಾಯಿತು. ಅದೇ ಪದ ಬೇರೆಯವರ ಬಾಯಲ್ಲಿ ಕೇಳಿದಾಗಲೇ ಗೊತ್ತಾಗುವುದು, ಅದೆಷ್ಟು ಹರಿತ ಎಂದು.

ಕಳೆದ ಶನಿವಾರ ಬೆಳಿಗ್ಗೆ ಬ್ರಿಸ್ಬೇನ್‌ಗೆ ಫೋನ್ ಮಾಡಿದೆ. ನಾಲ್ಕನೇ ರಿಂಗಿಗೆ ಎತ್ತಿದಳು.

"ಅಕ್ಕ, ನಾನು."

"ಯಾರಿಗೇನಾಯ್ತು?" ಅಂದಳು.

"ಯಾರಿಗೂ ಏನಾಗಿಲ್ಲ. ನಿನ್ ಬ್ಲಡ್ ಗ್ರೂಪ್ ಯಾವ್ದು?"

"ಎ ಪಾಸಿಟಿವ್. ಇದನ್ನ ಕೇಳೋಕೆ ಫೋನ್ ಮಾಡಿದ್ಯಾ ಮಾರಾಯ್ತಿ?"

ಆ ಮಾರಾಯ್ತಿಗೆ ನನ್ನ ಕಣ್ಣು ತುಂಬಿತು. ಆರು ವರ್ಷದಿಂದ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಹೊಟ್ಟೆಯುರಿ, ಬಲೂನು, ಡಾಕ್ಟರ್ ಹೇಳಿದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ನೀನು ಓ ಗುಂಪಲ್ಲ, ಆದರೂ ಒಂದು ಸಲ ಟೆಸ್ಟ್ ಮಾಡಿಸಿಕೋ ಅಂದೆ.

"ಆಗಿದೆ," ಅಂದಳು.

"ಏನಾಗಿದೆ?"

"ಟೆಸ್ಟು. ಎರಡು ವರ್ಷ ಆಯ್ತು. ನಂಗೂ ಇತ್ತು. ಮಾತ್ರೆ ತಗೊಂಡೆ, ಹೋಯ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ನಮ್ ಡಾಕ್ಟ್ರೂ ಅದನ್ನೇ ಕೇಳಿದ್ರು, ಚಿಕ್ಕೋರಿದ್ದಾಗ ಯಾರ್ ಜೊತೆ ತಿಂತಿದ್ರಿ ಅಂತ. ನೀನೇ ನೆನಪಾದೆ. ಮೆಸೇಜ್ ಟೈಪ್ ಮಾಡಿದ್ದೆ. ಆಮೇಲೆ ಅಳಿಸ್ಬಿಟ್ಟೆ."

"ಯಾಕಕ್ಕ?"

"ಏನಂತ ಕಳಿಸ್ಲಿ? ನನ್ ಎಂಜಲಿಂದ ನಿಂಗೆ ಬಂದಿರ್ಬಹುದು, ಚೆಕ್ ಮಾಡಿಸ್ಕೋ ಅಂತಾನಾ?"

ನಾನು ಅಡುಗೆಮನೆಯ ಸ್ಟೂಲ್ ಮೇಲೆ ಕೂತುಬಿಟ್ಟೆ. ಎರಡು ವರ್ಷ ನಾನು ಚೀಪಿದ ಮಾತ್ರೆಗಳೆಲ್ಲ ಆ ಅಳಿಸಿದ ಮೆಸೇಜಿನ ಫಲ. ಅವಳು ಅಳಿಸಿದ್ದು ನನ್ನ ಮಾತಿನ ಫಲ. ಇದರಲ್ಲಿ ಬ್ಯಾಕ್ಟೀರಿಯಾದ ತಪ್ಪೆಷ್ಟು, ನೀವೇ ಹೇಳಿ.

"ನನ್ನಿಂದಾನೇ ನಿಂಗೆ ಬಂದಿರ್ಬಹುದಲ್ಲಕ್ಕ," ಅಂದೆ.

"ಬಂದಿರ್ಬಹುದು. ಅದರ ಮೇಲೆ ಹೆಸರು ಬರ್ದಿರುತ್ತಾ?" ಅವಳು ನಕ್ಕಳೋ, ಉಸಿರುಬಿಟ್ಟಳೋ, ತಿಳಿಯಲಿಲ್ಲ. ತಕ್ಷಣ ನರ್ಸ್ ಆದಳು. "ಎರಡು ಆ್ಯಂಟಿಬಯಾಟಿಕ್ ಕೊಟ್ಟಿದ್ದಾರಾ? ಬಾಯಿ ಕಹಿ ಆಗುತ್ತೆ, ಮಧ್ಯ ನಿಲ್ಲಿಸ್ಬೇಡ. ಎಲ್ಲ ಮುಗಿಸು. ಆಮೇಲೆ ಇನ್ನೊಂದ್ಸಲ ಬಲೂನು ಊದಿ ಬಾ."

ಹೂಂ, ಹೂಂ ಎಂದೆ. ಅವಳು ಇನ್ನಷ್ಟು ಹೊತ್ತು ಮಾತ್ರೆಗಳ ಬಗ್ಗೆಯೇ ಮಾತಾಡುತ್ತಿರಲಿ ಅನ್ನಿಸುತ್ತಿತ್ತು. ಮಾತು ಮುಗಿಯುತ್ತಾ ಬಂದಾಗ ನನಗೆ ಭಯವಾಯಿತು. ಮತ್ತೆ ದೀಪಾವಳಿಯವರೆಗೆ ಕಾಯಬೇಕೇ?

"ಸಾರಿ ಅಕ್ಕ," ಅಂದೆ.

ಯಾವುದಕ್ಕೆ ಎಂದು ಅವಳು ಕೇಳಲಿಲ್ಲ.

"ಎಂಜಲು ಅಂದಿದ್ದು ಕನ್ನಡದಲ್ಲಿ," ಅಂದಳು ಮೆಲ್ಲಗೆ. "ಸಾರಿ ಯಾಕೆ ಇಂಗ್ಲಿಷಲ್ಲಿ?"

ಆರ್ವೋ ಡ್ಯೂಟಿಗೆ, ಅಂದರೆ ಮಧ್ಯಾಹ್ನದ ಪಾಳಿಗೆ, ಹೊತ್ತಾಯಿತು, ಇಡುತ್ತೇನೆ ಅಂದಳು. ಇಟ್ಟಳು.

ಅಂದಿನಿಂದ ಮಾತ್ರೆ ನುಂಗುತ್ತಾ ಅದೇ ಯೋಚನೆ. 'ಕ್ಷಮಿಸು' ಅಂದರೆ ನಾಟಕದವರಂತೆ ಕೇಳುತ್ತದೆ, ಅಕ್ಕ ನಕ್ಕುಬಿಡುತ್ತಾಳೆ. 'ಬೇಜಾರ್ ಮಾಡ್ಕೋಬೇಡ' ಅಂದರೆ ತಪ್ಪನ್ನು ಅವಳ ಮೇಲೇ ಹೊರಿಸಿದಂತೆ. ಉಳಿದದ್ದು ಒಂದೇ. ಲಂಚ್ ಬ್ರೇಕಿನಲ್ಲಿ ಗೋದಾಮಿನ ಹಿಂದೆ ಕಾರಿನಲ್ಲಿ ಕೂತು, ಕನ್ನಡಿ ನೋಡುತ್ತಾ ಅದನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡುತ್ತಿದ್ದೇನೆ. ದಿನವೂ ಎರಡನೇ ಅಕ್ಷರಕ್ಕೆ ನಿಲ್ಲಿಸಿ ಕಾರಿನಿಂದ ಇಳಿದುಬಿಡುತ್ತೇನೆ. ಬ್ರಿಸ್ಬೇನ್ ಗಡಿಯಾರ ಮುಂದೆ ಹೋಗುತ್ತಲೇ ಇರುತ್ತದೆ.

'ಎಂಜಲು' ಅನ್ನಲು ನನಗೆ ಒಂದು ಕ್ಷಣವೂ ಬೇಕಾಗಿರಲಿಲ್ಲ. 'ತಪ್ಪಾಯ್ತು' ಅನ್ನಲು ಇನ್ನೆಷ್ಟು ದಿನ ಬೇಕು?