ಅಜ್ಜನ ಗಾದಿ, ಮೊಮ್ಮಗಳ ಕೌದಿ

ಒಂದು ತಪ್ಪೊಪ್ಪಿಗೆಯಿಂದಲೇ ಶುರುಮಾಡುತ್ತೇನೆ. ಎರಡು ವರ್ಷ ಎಂಟು ತಿಂಗಳಿನ ನನ್ನ ಮಗಳಿಗೂ ಒಂದು ಹತ್ತಿಯ ಗಾದಿಗೂ ನಡುವೆ ತಕರಾರು ಬಂದಾಗ ನಾನು ಗಾದಿಯ ಪರ ನಿಂತವನು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೇಳದಿದ್ದರೆ ಮುಂದಿನ ಕತೆ ನಿಮಗೆ ಅರ್ಥವಾಗುವುದಿಲ್ಲ.

ಅದು ಅಂಗಡಿಯಲ್ಲಿ ಸುರುಳಿ ಸುತ್ತಿ ಕೊಡುವ ಗಾದಿಯಲ್ಲ. ನವಲಗುಂದದ ಕಡೆಯ ಎರೆಹೊಲದಲ್ಲಿ ನನ್ನ ಮಾವ ಸ್ವತಃ ಬೆಳೆದ ಹತ್ತಿ. ಮಗಳ ಮದುವೆಗೆಂದು ಒಂದಿಷ್ಟು ಮಾರದೆ ಎತ್ತಿಟ್ಟು, ಹಳಿಯಾಳದಲ್ಲಿ ಹಿಂಜಿಸಿ ಹೊಲಿಸಿ, ಟೆಂಪೊದಲ್ಲಿ ಅದರ ಪಕ್ಕದಲ್ಲಿ ತಾವೇ ಕುಳಿತು ದಾಂಡೇಲಿಯ ಅಂಬೇವಾಡಿಯ ನಮ್ಮ ಮನೆಗೆ ತಂದಿಳಿಸಿದ್ದರು. ಮಗಳನ್ನು ಒಪ್ಪಿಸುವಾಗ ಕೊಟ್ಟದ್ದಕ್ಕಿಂತ ಹೆಚ್ಚು ಸೂಚನೆಗಳನ್ನು ಗಾದಿ ಒಪ್ಪಿಸುವಾಗ ಕೊಟ್ಟಿದ್ದರು. "ತಿಂಗಳಿಗೊಮ್ಮಿ ಬಿಸಲಿಗೆ ಹಾಕ್ರಿ ಅಳಿಯಾರ. ಮಗ್ಗಲಾ ಬದಲಿ ಮಾಡ್ರಿ. ಹಸಿ ಮಾತ್ರ ತಾಗಿಸಬ್ಯಾಡ್ರಿ."

ನಮ್ಮ ಕಡೆ ಗಾದಿ ಎಂದರೆ ಹಾಸಿಗೆ. ಪತ್ರಿಕೆಗಳಲ್ಲಿ ಅದೇ ಗಾದಿ ಅಧಿಕಾರದ ಪೀಠ. ಈ ಎರಡು ಅರ್ಥಗಳು ಒಂದೇ ಪದದೊಳಗೆ ಹೇಗೆ ಸೇರಿಕೊಂಡವು ಎಂದು ನಾನು ಬಹಳ ತಲೆ ಕೆಡಿಸಿಕೊಂಡಿದ್ದೇನೆ. ಬಹುಶಃ ಎರಡನ್ನೂ ಏರುವಾಗ ಎಲ್ಲರೂ ಸಂಭಾವಿತರಾಗಿಯೇ ಕಾಣುತ್ತಾರೆ. ಏರಿ ಏನು ಮಾಡಿದರೆಂಬುದು ಬೆಳಗಾದ ಮೇಲೆ ತಿಳಿಯುತ್ತದೆ.

ನಮ್ಮ ಮನೆಯಲ್ಲಿ ತಿಳಿಯುತ್ತಿದ್ದುದು ಬೆಳಗಿನ ಆರು ಗಂಟೆಗೆ. ಮಳೆಗಾಲ ಹಿಡಿದಿತ್ತು. ಡೈಪರ್ ಕಟ್ಟಿ ಕಟ್ಟಿ ಮಗಳು ಸನ್ನಿಧಿಯ ತೊಡೆಯೆಲ್ಲ ಕೆಂಪಾಗಿತ್ತು. ಒಂದು ದಿನ ನನ್ನ ಹೆಂಡತಿ ಸುಮಾ ಉಳಿದ ಡೈಪರುಗಳನ್ನೆಲ್ಲ ಕಪಾಟಿನ ಮೇಲಕ್ಕೆ ಎಸೆದು, "ಇನ್ನ ಸಾಕು. ಕೂಸು ಕಲೀತೈತಿ, ನಾವೂ ಕಲಿಯೂಣು" ಎಂದಳು. ಕೂಸು ಬೇಗ ಕಲಿಯಿತು. ಹಗಲಿನಲ್ಲಿ "ಪಪ್ಪಾ, ಉಚ್ಚಿ!" ಎಂದು ಕೂಗಿ ಬಚ್ಚಲಿಗೆ ಓಡುತ್ತಿತ್ತು. ಆದರೆ ನಿದ್ದೆಯಲ್ಲಿ ಕೂಗುವವರು ಯಾರು? ಬೆಳಿಗ್ಗೆ ಎದ್ದರೆ ಗಾದಿಯ ಮೇಲೆ ದಿನಕ್ಕೊಂದು ಹೊಸ ನಕಾಶೆ.

ನಾನು ಮಾಡುವ ಕೆಲಸ ಕೇಳಿದರೆ ನೀವು ನಗುತ್ತೀರಿ. ಕಾಗದದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕಾಗದದೊಳಗಿನ ತೇವ ಎಷ್ಟೆಂದು ಅಳೆಯುವುದು ನನ್ನ ಹೊಟ್ಟೆಪಾಡು. ಕೂದಲೆಳೆಯಷ್ಟು ಹೆಚ್ಚಾದರೂ ಹಿಡಿಯುತ್ತೇನೆ. ಅಂಥ ನನಗೆ ನನ್ನ ಹಾಸಿಗೆಯ ತೇವದ ಮುಂದೆ ಏನೂ ತೋಚಲಿಲ್ಲ. ದಾಂಡೇಲಿಯ ಮಳೆಗಾಲದಲ್ಲಿ ಕರವಸ್ತ್ರ ಒಣಗಲು ಮೂರು ದಿನ ಬೇಕು. ಗಾದಿಯ ಮಾತಂತೂ ಬೇಡ.

ಆದರೂ ಪ್ರಯತ್ನಗಳಾದವು. ಮೊದಲು ಮೋಟಾರ್ ಅಂಗಡಿಯಿಂದ ನೀಲಿ ತಾಡಪತ್ರಿ ತಂದು ಹಾಸಿದೆ. ಮಗ್ಗಲು ಬದಲಿಸಿದಾಗಲೆಲ್ಲ ಅದು ಲಾರಿಗೆ ಹೊದಿಕೆ ಬಿಗಿದಂತೆ ಸದ್ದು ಮಾಡಿ ಮೂವರನ್ನೂ ಎಬ್ಬಿಸಿತು. ಮೇಲಾಗಿ ಅದರ ಮೇಲೆ ಬಿದ್ದದ್ದು ಹರಿದು ಬಂದು ನೇರ ನನ್ನ ಬೆನ್ನಿನ ಕೆಳಗೆ ಸೇರಿತು. ಆಮೇಲೆ ಹಳೆಯ ಪತ್ರಿಕೆಗಳನ್ನು ಹಾಸಿದೆ. ಕಾಗದದ ಮೇಲಿನ ನನ್ನ ವೃತ್ತಿಯ ಅಭಿಮಾನ ಒಂದೇ ರಾತ್ರಿಯಲ್ಲಿ ಮುದ್ದೆಯಾಯಿತು; ಬೆಳಿಗ್ಗೆ ಮಗಳ ಬೆನ್ನಿನ ಮೇಲೆ ನಿಧನ ವಾರ್ತೆಯೊಂದನ್ನು ಉಲ್ಟಾ ಓದಬಹುದಿತ್ತು. ಕೊನೆಗೆ ಔಷಧಿ ಅಂಗಡಿಯಿಂದ ರಬ್ಬರ್ ಶೀಟು ಬಂತು. ಅದೇನೋ ನೀರು ಬಿಡಲಿಲ್ಲ. ಆದರೆ ಅದರ ಮೇಲೆ ಮಲಗಿದ ಕೂಸು ಬೆವೆತು, ರೇಗಿ, ಅದನ್ನು ಕಾಲಿನಿಂದ ಒದ್ದು ಪಕ್ಕಕ್ಕೆ ಸರಿಸಿ, ಬರಿಯ ಗಾದಿಯ ಮೇಲೆ ಹೊರಳಿ, ಅಲ್ಲಿ ತನ್ನ ಕೆಲಸ ಮುಗಿಸುತ್ತಿತ್ತು.

ಹೀಗಿರುವಾಗ ಮಾವನ ಫೋನು ಬಂತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವರಿಗೊಂದು ಆಪರೇಷನ್ ಆಗಬೇಕಿತ್ತು. ವಯಸ್ಸಾದ ಗಂಡಸರಿಗೆ ಆಗುವಂಥದ್ದು, ಹೆದರುವುದೇನಿಲ್ಲ ಎಂದು ಡಾಕ್ಟರು ಹೇಳಿದ್ದರು. ಅದಾದ ಮೇಲೆ ಸುಧಾರಿಸಿಕೊಳ್ಳಲು ಒಂದು ತಿಂಗಳು ನಮ್ಮಲ್ಲಿಗೆ ಬರುವುದೆಂದು ತೀರ್ಮಾನವಾಯಿತು. ಮರುದಿನ ಬೆಳಿಗ್ಗೆ ಒದ್ದೆ ಗಾದಿಯ ಮುಂದೆ ನಿಂತ ನನ್ನ ಬಾಯಿಂದ ಮಾತು ಹೊರಬಿತ್ತು.

"ಅಜ್ಜನ ಗಾದಿ ಕೆಡಿಸಿಟ್ಟಿ ನೋಡು! ಅಜ್ಜ ಬಂದು ನೋಡಿದ್ರ ಏನಂತಾನ? ಇನ್ನಮ್ಯಾಲ ಸಂಜಿಗೆ ನೀರು ಕುಡೀಬ್ಯಾಡ."

ಧ್ವನಿ ದೊಡ್ಡದಾಗಿತ್ತು. ಸನ್ನಿಧಿ ಅಳಲಿಲ್ಲ. ಒದ್ದೆ ಫ್ರಾಕಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತ ನಿಂತಳು.

ಅಂದು ರಾತ್ರಿ ಅವಳು ಗಾದಿ ಹತ್ತಲಿಲ್ಲ. ಎತ್ತಿ ಮಲಗಿಸಿದರೆ ಇಳಿದು ಹೋಗಿ ಬಾಗಿಲ ಬಳಿಯ ಕಾಲೊರಸಿನ ಮೇಲೆ ಮುದುಡಿಕೊಂಡಳು. ಮರುದಿನ ನೀರಿನ ಲೋಟ ಕೊಟ್ಟರೆ ತಲೆ ಅಲ್ಲಾಡಿಸಿದಳು. ಮಜ್ಜಿಗೆ ಬೇಡ, ಹಾಲು ಬೇಡ. ಮೂರನೆಯ ದಿನ ಮೈ ಬಿಸಿಯಾಯಿತು. ಉಚ್ಚೆ ಹೊಯ್ಯುವಾಗ ಉರಿಯೆಂದು ಚೀರಿದಳು. ಡಾಕ್ಟರು ನೋಡಿ ಔಷಧಿ ಬರೆದು, "ನೀರು ಕಡಿಮಿ ಆಗೇತಿ. ಯಾಕ ಕುಡಿಸಿಲ್ಲ?" ಎಂದು ಕೇಳಿದರು. ನಾನು ಗೋಡೆಯ ಮೇಲಿನ ಚಿತ್ರವನ್ನು ನೋಡಿದೆ. ಸುಮಾ ನನ್ನನ್ನು ನೋಡಿದಳು. ಮನೆಗೆ ಬಂದ ಮೇಲೆ ಒಂದೇ ಮಾತು ಹೇಳಿದಳು: "ನಮ್ಮಪ್ಪ ಹತ್ತಿ ಕೊಟ್ಟಿದ್ದು ನಾವು ಆರಾಮ ಮಲಗಲಿ ಅಂತ. ಪೂಜಿ ಮಾಡ್ರಿ ಅಂತ ಅಲ್ಲ."

ನಮ್ಮನ್ನು ಆ ಗುಂಡಿಯಿಂದ ಎತ್ತಿದವರು ಪಕ್ಕದ ಮನೆಯ ಜುಬೇದಾ ಚಾಚಿ. ಅವರ ಗಂಡನದು ಗ್ಯಾರೇಜು; ತವರುಮನೆಯವರು ಹಳಿಯಾಳದಲ್ಲಿ ಮೂರು ತಲೆಮಾರಿನಿಂದ ಗಾದಿ ಹೊಲಿಯುವವರು. ಐದು ಮಕ್ಕಳನ್ನು ಬೆಳೆಸಿದ ಅನುಭವ ಬೇರೆ. ಜ್ವರದ ಕೂಸನ್ನು ನೋಡಲು ಬಂದವರು ಕೂಸನ್ನು ನೋಡಿ, ಗಾದಿ ನೋಡಿ, ರಬ್ಬರ್ ಶೀಟು ನೋಡಿ, ಕೊನೆಗೆ ನನ್ನನ್ನು ನೋಡಿದರು.

"ಬೇಟಾ, ರಬ್ಬರ್ ಮ್ಯಾಲ ಯಾರರ ಮಲಗ್ತಾರೇನು? ರಬ್ಬರ್ ಕೆಳಗ, ಕೌದಿ ಮ್ಯಾಲ. ಕೌದಿ ಕುಡೀತೈತಿ, ರಬ್ಬರ್ ತಡೀತೈತಿ, ಗಾದಿಗೆ ಸುದ್ದೀನೂ ಮುಟ್ಟೂದಿಲ್ಲ. ಬೆಳಿಗ್ಗೆ ಕೌದಿ ಒಂದ ಒಗದ್ರ ಮುಗೀತು."

ಇಷ್ಟು ಸರಳವಾದದ್ದು ತೇವ ಅಳೆಯುವವನಿಗೆ ಹೊಳೆದಿರಲಿಲ್ಲ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಕಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ ಕೈಯಿಂದ ಹೊಲಿಯುವ ಕೌದಿಯನ್ನು ನಾನು ಹುಟ್ಟಿದಾಗಿನಿಂದ ಹೊದ್ದವನು. ಹೊದೆಯುವುದಷ್ಟೇ ಗೊತ್ತಿತ್ತು. ನಮ್ಮ ಅಜ್ಜಿಯರು ಅದನ್ನು ಕೂಸುಗಳ ಕೆಳಗೆ ಯಾಕೆ ಹಾಸುತ್ತಿದ್ದರೆಂದು ಯಾವತ್ತೂ ಕೇಳಿರಲಿಲ್ಲ. ಕೇಳಬೇಕಾದ ವಯಸ್ಸಿನಲ್ಲಿ ನಾನೇ ಅದರ ಮೇಲೆ ಮಲಗಿದ್ದೆ.

ಚಾಚಿ ಹೊಲಿಯಲು ಕುಳಿತರು. ಸುಮಾಳ ಮೂರು ಸೀರೆ, ಚಾಚಿಯ ಎರಡು ದುಪಟ್ಟಾ, ನನ್ನದೊಂದು ಲುಂಗಿ. ಮೇಲಿನ ತುಂಡುಗಳನ್ನು ಆರಿಸುವ ಕೆಲಸ ಸನ್ನಿಧಿಗೆ. ಹಳದಿ ಎಲ್ಲಿ, ಹಸಿರು ಎಲ್ಲಿ ಎಂದು ಅವಳು ಬೆರಳು ತೋರಿಸಿದಲ್ಲೇ ಚಾಚಿ ಸೂಜಿ ಹಾಕಿದರು. ಎರಡನೆಯ ದಿನ ಕೂಸು ತಾನಾಗಿಯೇ ಚಾಚಿಯ ಲೋಟದಿಂದ ನೀರು ಕುಡಿಯಿತು.

ಕೌದಿ ಮುಗಿದ ಸಂಜೆ ಚಾಚಿ ನನಗೆ ಮೆಲ್ಲಗೆ ಹೇಳಿದರು: "ಗಾದಿ ನಾ ನೋಡ್ಕೊಂಡೆ. ಈಗ ಕೂಸಿನ ಮುಂದ ನೀ ಮಾತಾಡು."

ನಾನು ಮಗಳ ಮುಂದೆ ನೆಲದ ಮೇಲೆ ಕುಳಿತೆ. "ಪಪ್ಪಾಂದು ತಪ್ಪಾತು. ನೀ ನೀರು ಕುಡಿ. ಗಾದಿ ಹಸಿ ಆದ್ರ ಒಣಗಸೂಣು" ಎಂದೆ. ಅವಳು ಕೌದಿಯನ್ನು ಎಳೆದುಕೊಂಡು ಹೋಗಿ, ಗಾದಿ ಹತ್ತಿ, ಹಳದಿ ತುಂಡಿನ ಮೇಲೆ ಕೆನ್ನೆಯಿಟ್ಟು ಮಲಗಿದಳು. ಚಾಚಿ ಜೋಡಿಗೆ ಇನ್ನೂ ಒಂದು ಕೌದಿ ಹೊಲಿದುಕೊಟ್ಟರು, ಒಂದು ಒಗೆದಾಗ ಒಂದಿರಲೆಂದು. ಮಳೆ ಬಿಡುವು ಕೊಟ್ಟ ವಾರ ತವರಿನಿಂದ ತಮ್ಮನನ್ನು ಕರೆಸಿ, ಗಾದಿಯ ಹೊಲಿಗೆ ಬಿಚ್ಚಿಸಿ, ಹತ್ತಿಯನ್ನು ಅಂಗಳದಲ್ಲಿ ಹರಡಿ ಒಣಗಿಸಿ, ಮತ್ತೆ ತುಂಬಿಸಿದರು.

ದಸರೆಯ ಹೊತ್ತಿಗೆ ಆಪರೇಷನ್ ಮುಗಿಸಿಕೊಂಡು ಮಾವ ಬಂದರು. ಸೊರಗಿದ್ದರು. ಹೊಸದಾಗಿ ಹೊಲಿದ ಗಾದಿಯನ್ನು ಅವರಿಗೆ ಹಾಸಿಕೊಟ್ಟೆ. ಅವರು ಅದನ್ನು ಕೈಯಿಂದ ಒಮ್ಮೆ ಸವರಿ, "ನಂಗ ಗಾದಿ ಬ್ಯಾಡ್ರಿ ಅಳಿಯಾರ. ಕೆಳಗ ಚಾಪಿ ಸಾಕು" ಎಂದರು.

ಹೊಲಿಗೆ ಬದಲಾದದ್ದು ಕಣ್ಣಿಗೆ ಬಿದ್ದಿದೆ, ಬೇಸರವಾಗಿದೆ ಎಂದುಕೊಂಡೆ. ಅವರು ಅರ್ಧ ಕಪ್ ಚಹಾ ಕುಡಿದು ಉಳಿದದ್ದು ಬಿಡುತ್ತಿದ್ದರು. ಒಂದು ತಿಂಗಳಿಗೆಂದು ಬಂದವರು ಮೂರನೆಯ ದಿನಕ್ಕೇ, "ಊರಿಗೆ ಹೋಗಿಬಿಡ್ತೇನಿ, ಹೊಲದಾಗ ಕೆಲಸ ಐತಿ" ಎನ್ನತೊಡಗಿದರು. ಸುಮಾ ಕಣ್ಣೀರಿಟ್ಟಳು. ಅವರ ಬೇಸರಕ್ಕೆ ನನ್ನ ಗಾದಿಯೇ ಕಾರಣವೆಂದು ನಾನು ಕುಗ್ಗಿಹೋದೆ.

ನಾಲ್ಕನೆಯ ದಿನ ಬೆಳಿಗ್ಗೆ ಬೇಗ ಎಚ್ಚರವಾಗಿ ಹಿತ್ತಲಿಗೆ ಹೋದೆ. ಮಾವ ಬಾವಿಕಟ್ಟೆಯ ಬಳಿ ಕುಕ್ಕರುಗಾಲಿನಲ್ಲಿ ಕುಳಿತು ಚಾಪೆ ತೊಳೆಯುತ್ತಿದ್ದರು. ಪಕ್ಕದಲ್ಲಿ ಹಿಂಡಿಟ್ಟ ಧೋತರ. ನನ್ನನ್ನು ಕಂಡವರೇ ಎದ್ದು ನಿಂತು, ಒದ್ದೆ ಚಾಪೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲ ನೋಡಿದರು. ಆ ನಿಲುವನ್ನು ನಾನು ಗುರುತಿಸಿದೆ. ಎರಡು ತಿಂಗಳ ಹಿಂದೆ ಒಮ್ಮೆ ಅದಕ್ಕೆ ಜೋರು ಮಾಡಿದ್ದೆ.

ಆಪರೇಷನ್ ಆದ ಮೇಲೆ ಉಚ್ಚೆಯ ಹಿಡಿತ ತಪ್ಪುವುದು ಸಹಜ, ಕೆಲ ತಿಂಗಳಲ್ಲಿ ಸರಿಹೋಗುತ್ತದೆ ಎಂದು ಡಾಕ್ಟರು ಅಂದದ್ದನ್ನು ಅವರು ನಮಗೆ ಹೇಳಿಯೇ ಇರಲಿಲ್ಲವೆಂದು ತಿಳಿದದ್ದು ಆಮೇಲೆ. ನಾನು ಚಾಪೆಯ ಇನ್ನೊಂದು ತುದಿ ಹಿಡಿದು ನೀರು ಕೊಡವಲು ನೆರವಾದೆ. ಕೊಡವುತ್ತ ನನ್ನ ಕತೆ ಹೇಳಿದೆ. ಗಾದಿ ಹಸಿಯಾದದ್ದು, ತಾಡಪತ್ರಿ, ಪತ್ರಿಕೆ, ನಾನು ಆಡಿದ ಮಾತು, ಕೂಸಿನ ಜ್ವರ, ಚಾಚಿಯ ಕೌದಿ. ಯಾವುದನ್ನೂ ಮುಚ್ಚಿಡಲಿಲ್ಲ.

ಬೆನ್ನಿನ ಮೇಲಿನ ನಿಧನ ವಾರ್ತೆಗೆ ಬಂದಾಗ ಅವರು ನಕ್ಕರು. ಜ್ವರಕ್ಕೆ ಬಂದಾಗ ಚಾಪೆಯನ್ನು ಇನ್ನೊಮ್ಮೆ ಕೊಡವಿದರು. ಎಲ್ಲ ಮುಗಿದ ಮೇಲೆ ಚಾಪೆಯನ್ನು ಗೋಡೆಗೆ ಒರಗಿಸಿ, ನನ್ನ ಕಡೆ ನೋಡದೆ ಕೇಳಿದರು:

"ಆ ರಬ್ಬರ್ ಶೀಟು ಇನ್ನೊಂದು ಸಿಗತೈತೇನ್ರಿ ಅಳಿಯಾರ?"

"ಇವತ್ತ ತರ್ತೇನ್ರಿ ಮಾವಾರ."

ಅಷ್ಟೇ ಮಾತು. ಆ ದಿನದಿಂದ ಅವರು ತಾವು ಬೆಳೆದ ಹತ್ತಿಯ ಮೇಲೆ, ರಬ್ಬರಿನ ಮೇಲೆ, ಚಾಚಿಯ ಎರಡನೆಯ ಕೌದಿಯ ಮೇಲೆ ಮಲಗಿದರು. ನಾವು ಮೂವರು ಕೆಳಗೆ. ಚಹಾ ಕಪ್ಪು ಪೂರ್ತಿ ಖಾಲಿಯಾಗತೊಡಗಿತು. ಊರಿಗೆ ಹೋಗುವ ಮಾತು ನಿಂತಿತು. ಚಾಚಿಗೆ ನಾವ್ಯಾರೂ ಏನೂ ಹೇಳಿರಲಿಲ್ಲ, ಆದರೂ ಮೂರನೆಯದೊಂದು ಕೌದಿ ಬಂತು. ಸ್ವಲ್ಪ ಉದ್ದವಾಗಿಯೇ ಇತ್ತು. ಯಾರಿಗೆಂದು ಅವರೂ ಹೇಳಲಿಲ್ಲ.

ಬೆಳಗಿನ ವಿಚಾರಣೆ ಮಾತ್ರ ಸನ್ನಿಧಿಯದು. ಎದ್ದ ಕೂಡಲೇ ತನ್ನ ಕೌದಿ ಮುಟ್ಟಿ ನೋಡಿ, ಹೋಗಿ ಅಜ್ಜನ ಕೌದಿ ಮುಟ್ಟುತ್ತಿದ್ದಳು. "ಅಜ್ಜಾ, ನಂದು ಒಣಾ ಐತಿ. ನಿಂದು ಹಸಿ." ಅಜ್ಜ ಗಂಭೀರವಾಗಿ ತಲೆಯಾಡಿಸಿ, "ನಾಳಿ ನೋಡೂಣು ಅವ್ವಾ" ಎನ್ನುತ್ತಿದ್ದರು. ಇಬ್ಬರೂ ಕೌದಿ ಹಿಡಿದು ಹಿತ್ತಲಿಗೆ ಹೋಗುತ್ತಿದ್ದರು. ತನ್ನ ಬಟ್ಟೆಯನ್ನು ಮುಟ್ಟಲು ಮಗಳಿಗೂ ಕೊಡದ ಮನುಷ್ಯ ಮೊಮ್ಮಗಳಿಂದ ಬೆಳಬೆಳಿಗ್ಗೆ ತಪಾಸಣೆ ಮಾಡಿಸಿಕೊಳ್ಳುವುದನ್ನು ಸುಮಾ ಅಡುಗೆಮನೆಯ ಕಿಟಕಿಯಿಂದ ನೋಡುತ್ತ ನಿಲ್ಲುತ್ತಿದ್ದಳು. ನಾನೂ ನಿಲ್ಲುತ್ತಿದ್ದೆ. ಈ ಮಗು ಒದ್ದೆ ಮಾಡದೇ ಬೆಳೆದಿದ್ದರೆ, ನಾನು ಅವಳ ಮುಂದೆ ಒಮ್ಮೆ ಸೋತಿರದಿದ್ದರೆ, ಆ ಹಿರಿಯರು ನಾಲ್ಕನೆಯ ದಿನವೇ ಬಸ್ಸು ಹತ್ತಿರುತ್ತಿದ್ದರು. ನಾವು ಗಾದಿಯ ಹೊಲಿಗೆಯನ್ನೇ ದೂಷಿಸುತ್ತ ಉಳಿಯುತ್ತಿದ್ದೆವು.

ಒಂದು ತಿಂಗಳು ಎರಡಾಯಿತು. ಮಾವನ ಬೆಳಗುಗಳೂ ಬಹುಮಟ್ಟಿಗೆ ಒಣಗಿದವು. ಹೊರಡುವ ದಿನ ಬಸ್‌ಸ್ಟ್ಯಾಂಡಿಗೆ ಎಲ್ಲರೂ ಹೋದೆವು, ಚಾಚಿಯೂ ಬಂದರು. ಧಾರವಾಡದ ಬಸ್ಸಿನಲ್ಲಿ ಮಾವ ಕಿಟಕಿಯ ಪಕ್ಕ ಕುಳಿತಾಗ ಸನ್ನಿಧಿ ಒಂದು ಚೀಲವನ್ನು ಎಳೆಯುತ್ತ ಬಂದು ನನ್ನ ಕೈಗೆ ಕೊಟ್ಟಳು. ಮನೆಯಿಂದ ಯಾವಾಗ ತುಂಬಿಕೊಂಡು ಬಂದಿದ್ದಳೋ! ಒಳಗೆ ಅವಳದೇ ಕೌದಿ, ಹಳದಿ ತುಂಡಿನದು. ಕಿಟಕಿಯಿಂದ ಒಳಗೆ ಕೊಡುವಾಗ ಕಂಡಕ್ಟರು, "ಏನವ್ವಾ, ಅಜ್ಜಗ ಏನ ಕಳಸಾಕತ್ತೀ?" ಎಂದು ಕೇಳಿದ.

"ಕೌದಿ. ಅಜ್ಜ ಇನ್ನಾ ಕಲಿಯಾಕತ್ತಾನ" ಎಂದಳು, ಇಡೀ ಬಸ್ಸಿಗೆ ಕೇಳುವಂತೆ.

ಸುಮಾ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಮಾವನ ಮುಖ ನೋಡಲು ಹೆದರಿದೆ. ಅವರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕೌದಿಯನ್ನು ಹೊರತೆಗೆದು, ಎದುರು ಸೀಟಿನವರಿಗೂ ಕಾಣುವಂತೆ ಹರಡಿ, ಜೋರಾಗಿ ನಕ್ಕು ಹೇಳಿದರು:

"ಹೌದ್ರಿ. ಈಕಿ ನಮ್ಮ ಮಾಸ್ತರತಿ. ನಾನೂ ಪಾಸ್ ಆಗೂ ಹಂಗ ಕಾಣಸ್ತೈತಿ."