ಸೊಸೆಯ ಲ್ಯಾಪ್‌ಟಾಪಿನಲ್ಲಿ ನನ್ನ ಸ್ವರ

ಮಗನಿಗೆ ಹೆಣ್ಣು ಮಗು ಹುಟ್ಟಿತೆಂದು ಫೋನು ಬಂದಾಗ ನಾನು ಉಪ್ಪುಂದದ ರಸ್ತೆಯಲ್ಲಿದ್ದೆ. ಮಳೆಗಾಲವಾದ್ದರಿಂದ ಬುಟ್ಟಿಯಲ್ಲಿ ಒಣಮೀನು ಮಾತ್ರ ಇತ್ತು. ಆವತ್ತು ಮೀನಿನ ಹೆಸರು ನನ್ನ ಬಾಯಿಗೆ ಬರಲೇ ಇಲ್ಲ. ಒಂದೊಂದು ಮನೆಯ ಬೇಲಿಯ ದಣಪೆಯ ಎದುರು ನಿಂತು, "ಹ್ವಾಯ್, ನಂಗೆ ಮೊಮ್ಮಗಳ್ ಹುಟ್ಟಿದ್ಲ್!" ಎಂದು ಕೂಗಿದೆ. ಮೀನು ತಿನ್ನದ ಮನೆಯವರನ್ನೂ ಬಿಡಲಿಲ್ಲ. ಅವರು ನಕ್ಕು ಬೆಲ್ಲ ಕೊಟ್ಟರು.

ನನ್ನ ಸ್ವರ ದೊಡ್ಡದು. ರಸ್ತೆಯಲ್ಲಿ ನಿಂತು ಕೂಗಿದರೆ ತೆಂಗಿನ ತೋಟ ದಾಟಿ ಒಳಗಿನ ಮನೆಗೆ ಕೇಳಬೇಕು. ನಲವತ್ತು ವರ್ಷ ಹಾಗೆ ಕೂಗಿ ಗಂಟಲು ದಪ್ಪವಾಗಿ ಒಡೆದುಹೋಗಿದೆ. ಫೋನಿನಲ್ಲಿ ಗುರುತಿಲ್ಲದವರು ನನ್ನನ್ನು "ಅಣ್ಣಾ" ಎನ್ನುತ್ತಾರೆ. ನನ್ನ ಗಂಡ ಕಡಲಿಗೆ ಹೋಗುವುದನ್ನು ಬಿಟ್ಟು ಈಗ ಮನೆಯಲ್ಲಿ ಕೂತು ಬಲೆ ಹೊಲಿಯುತ್ತಾರೆ. "ನೀನ್ ಕೂಗಿರೆ ಗಂಗೊಳ್ಳಿಯಗೆ ಇಪ್ಪ ಬೋಟ್ ತಿರ್ಗಿ ಇಲ್ಲಿಗ್ ಬತ್ತ್ ಮಾರಾಯ್ತಿ" ಎಂದು ಅವರ ತಮಾಷೆ.

ಹೆಸರಿಡುವ ದಿನ ಸೊಸೆಯ ತವರಿಗೆ ಹೋಗಿ ಬಂದೆವು. ಅದು ಕೋಟದ ಹತ್ತಿರ, ಕಡಲ ಬದಿಯ ಮನೆ. ಅಷ್ಟು ಜನ, ಅಷ್ಟು ಗದ್ದಲ. ಮಗು ಮಾತ್ರ ಒಬ್ಬರ ಮಡಿಲಿನಿಂದ ಇನ್ನೊಬ್ಬರ ಮಡಿಲಿಗೆ ನಿದ್ದೆಯಲ್ಲೇ ಹೋಗುತ್ತಿತ್ತು. ನನ್ನ ಮಡಿಲಲ್ಲೂ ಕಣ್ಣು ಬಿಡಲಿಲ್ಲ. ಎಷ್ಟು ಒಳ್ಳೆಯ ಮಗು ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಆಮೇಲೆ ಆ ನಿದ್ದೆಯೇ ನನ್ನ ಎದೆಗೆ ಮುಳ್ಳಾಯಿತು.

ಮಳೆ ಇಳಿದು ಬೋಟುಗಳು ಹೊರಟ ಮೊದಲ ವಾರದಲ್ಲೇ ನಾನು ಬಂದರಿನಲ್ಲಿ ಐಸಿನ ನೀರಿಗೆ ಜಾರಿ ಬಿದ್ದೆ. ಕಾಲಿನ ಎಲುಬು ಬಿರುಕು ಬಿಟ್ಟಿತು. ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿ ಎರಡು ತಿಂಗಳು ಮನೆಯಲ್ಲೇ ಇರಬೇಕೆಂದರು. ಮಗ ಬೋಟಿನಲ್ಲಿ ಹೊರಟರೆ ಹತ್ತು ಹನ್ನೆರಡು ದಿನ ಬರುವವನಲ್ಲ. ಮೊಮ್ಮಗಳನ್ನು ಕಾಣಲು ನನಗೆ ಉಳಿದದ್ದು ಫೋನು ಒಂದೇ.

ಸೊಸೆ ಬಾಣಂತನಕ್ಕೆ ಹೋಗುವಾಗ ತನ್ನ ಲ್ಯಾಪ್‌ಟಾಪನ್ನೂ ತೆಗೆದುಕೊಂಡು ಹೋಗಿದ್ದಳು. ಕಡಿಮೆ ಬೆಲೆಯ ಸಣ್ಣದು, ಮಡಚಿದರೆ ಶಾಲೆ ಮಕ್ಕಳ ಪಾಟಿಯಷ್ಟು. ಅದರಲ್ಲಿ ಅವಳು ಮಕ್ಕಳಿಗೆ ಟ್ಯೂಶನ್ ಹೇಳಿಕೊಡುತ್ತಿದ್ದಳು. ದಿನಾ ಸಂಜೆ ನಾಲ್ಕು ಗಂಟೆಗೆ ಅದನ್ನು ತೊಟ್ಟಿಲ ಪಕ್ಕದಲ್ಲಿ ಇಟ್ಟು ನನಗೆ ವಿಡಿಯೋ ಕಾಲ್ ಮಾಡುವಳು. ನಾನು ಮೂರೂವರೆಗೇ ತಲೆ ಬಾಚಿ, ಕುಂಕುಮ ಇಟ್ಟು, ಫೋನನ್ನು ಲೋಟಕ್ಕೆ ಒರಗಿಸಿ ಕೂರುತ್ತಿದ್ದೆ. ಆಹಾ, ಆ ಮುಖ! ಆ ತುಟಿ! ನೋಡಿದಷ್ಟೂ ಸಾಲದು.

"ಹ್ವಾಯ್ ಮಗಾ! ಇಲ್ ಕಾಣ್! ಅಜ್ಜಿ ಇಲ್ಲಿತ್ತ್!"

ಮಗು ಮೇಲೆ ತೂಗುವ ಬಟ್ಟೆಯನ್ನು ನೋಡುತ್ತಿತ್ತು.

ಮೊದಲ ವಾರ ನನಗೆ ಏನೂ ಅನ್ನಿಸಲಿಲ್ಲ. ಎರಡನೇ ವಾರ ಇನ್ನೂ ಜೋರಾಗಿ ಕರೆದೆ. ಗಂಡ ಬಲೆಯಿಂದ ತಲೆ ಎತ್ತಿ, "ಅಷ್ಟ್ ಕೂಗಿರೆ ಫೋನ್ ಎಂತಕೆ? ಹಾಂಗೇ ಕೋಟಕ್ಕೆ ಕೇಂತ್" ಎಂದರು. ನನಗೆ ನಗು ಬರಲಿಲ್ಲ. ನಾನು ಕೂಗಿದಾಗ ಆ ಮಗುವಿನ ರೆಪ್ಪೆ ಕೂಡ ಅಲುಗಿರಲಿಲ್ಲ. ಸೊಸೆ ಕೈಯಿಂದ ಕೆನ್ನೆ ಮುಟ್ಟಿದ ಮೇಲೆಯೇ ಅದು ತಿರುಗಿ ನಕ್ಕದ್ದು.

ಮುಟ್ಟಿದ ಮೇಲೆ. ಅದನ್ನು ಕಂಡ ಕೂಡಲೇ ನನಗೆ ಹಳೆಯದು ನೆನಪಾಯಿತು.

ನನಗೊಬ್ಬ ತಮ್ಮನಿದ್ದ. ಹುಟ್ಟಿನಿಂದಲೇ ಅವನಿಗೆ ಕಿವಿ ಕೇಳುತ್ತಿರಲಿಲ್ಲ. ಅವನನ್ನು ಊಟಕ್ಕೆ ಕರೆಯಬೇಕಾದರೆ ನಮ್ಮನ್ನು ಹೆತ್ತ ಅಬ್ಬಿ ಮಣ್ಣಿನ ನೆಲವನ್ನು ಕಾಲಿನಿಂದ ತುಳಿಯುತ್ತಿದ್ದಳು. ಅದು ಅವನ ಅಂಗಾಲಿಗೆ ತಿಳಿದು ತಿರುಗಿ ನೋಡುತ್ತಿದ್ದ. ಒಂದು ದಿನ ದೋಣಿಯನ್ನು ದಡಕ್ಕೆ ಎಳೆಯುವಾಗ ಹಗ್ಗ ತುಂಡಾಗಿ ದೋಣಿ ಹಿಂದಕ್ಕೆ ಜಾರಿತು. ಅವನು ನಮಗೆ ಬೆನ್ನು ಹಾಕಿ ನೀರಿನ ಅಂಚಿನಲ್ಲಿ ಕಾಲು ತೊಳೆಯುತ್ತಿದ್ದ. ದಡದಲ್ಲಿದ್ದವರೆಲ್ಲ ಕೂಗಿದರು. ನಾನೂ ಕೂಗಿದೆ. ಮೆತ್ತನೆಯ ಹೊಯ್ಗೆ ಮರಳಿನಲ್ಲಿ ಎಷ್ಟು ತುಳಿದರೂ ಅವನಿಗೆ ತಿಳಿಯಲಿಲ್ಲ. ದೋಣಿ ಅವನ ಮೇಲೆಯೇ ಹೋಯಿತು, ಅವನು ಉಳಿಯಲಿಲ್ಲ. ಆಗ ನನಗೆ ಹತ್ತು ವರ್ಷ, ಅವನಿಗೆ ಏಳು.

ಈ ಸಂಗತಿ ನನ್ನ ಮಗನಿಗೂ ಗೊತ್ತಿರಲಿಲ್ಲ. ಮಗನಿಗೆ ಹೆಣ್ಣು ನೋಡಲು ಹೋದಾಗ ಸೊಸೆಯ ದೊಡ್ಡಪ್ಪ ವೀಳ್ಯದೆಲೆ ಕೈಯಲ್ಲಿ ಹಿಡಿದುಕೊಂಡು ನೇರವಾಗಿ ಕೇಳಿದ್ದರು: "ನಿಮ್ಮ್ ಕುಟುಂಬ್ದಗೆ ಕಣ್ಣ್, ಕಿವಿ, ತಲೆ, ಹಾಂಗಿದ್ದ್ ಎಂತಾರೂ ಇತ್ತಾ? ಈಗ್ಳೇ ಹೇಳಿ."

ನನ್ನ ಗಂಡ ಬಾಯಿ ತೆರೆದರು. ಅವರಿಗಿಂತ ಮೊದಲು ನಾನು, "ಎಂತದೂ ಇಲ್ಲೆ" ಎಂದೆ. ಅವರು ವೀಳ್ಯದೆಲೆ ಕೊಟ್ಟರು, ನಾನು ತೆಗೆದುಕೊಂಡೆ.

ಈಗ ಆ ಎಲೆಯ ಮೇಲೆ ಹೇಳಿದ ಸುಳ್ಳು ತೊಟ್ಟಿಲಲ್ಲಿ ಬಂದು ಮಲಗಿದೆ ಎಂದು ನನಗೆ ಖಚಿತವಾಯಿತು.

ಬಾಯಿಬಿಟ್ಟು ಯಾರಲ್ಲೂ ಹೇಳುವಂತಿರಲಿಲ್ಲ. ಬೋಟು ಕಡಲಿನಲ್ಲಿರುವಾಗ ನಮ್ಮ ಮನೆಯಲ್ಲಿ ಕೆಟ್ಟ ಮಾತು ಆಡುವುದಿಲ್ಲ. ಅತ್ತೆ ಇದ್ದಾಗಿನಿಂದ ನಡೆದು ಬಂದದ್ದು. ಕಾಯಿಲೆ, ಸಾವು, ಊನ, ಯಾವುದನ್ನೂ ಬಾಯಿಗೆ ತರಬಾರದು, ತಂದರೆ ಅದು ನೀರಿನ ಮೇಲಿದ್ದವರನ್ನು ಹುಡುಕಿಕೊಂಡು ಹೋಗುತ್ತದೆ. ಮಗ ದಡಕ್ಕೆ ಬಂದರೆ ಎರಡು ದಿನ, ಮತ್ತೆ ಹೊರಟ. ಆ ಎರಡು ದಿನ ಅವನ ಖುಷಿ ಕೆಡಿಸಲು ನನಗೆ ಧೈರ್ಯ ಬರಲಿಲ್ಲ.

ಹಾಗಾಗಿ ಕದ್ದು ಪರೀಕ್ಷೆ ಮಾಡಿದೆ. ಒಂದು ದಿನ ಚಪ್ಪಾಳೆ ತಟ್ಟಿದೆ. ಇನ್ನೊಂದು ದಿನ ಸ್ಟೀಲಿನ ಬಟ್ಟಲನ್ನು ಸೌಟಿನಿಂದ ಬಡಿದೆ. ಮತ್ತೊಂದು ದಿನ ಅಲ್ಯೂಮಿನಿಯಂ ತಪ್ಪಲೆಯನ್ನು ಬೇಕೆಂದೇ ಕೆಳಗೆ ಹಾಕಿದೆ. ನಮ್ಮ ಮನೆಯ ಬೆಕ್ಕು ಅಟ್ಟಕ್ಕೆ ಹಾರಿತು. ತೊಟ್ಟಿಲಲ್ಲಿ ಮಗು ತನ್ನ ಮುಷ್ಟಿಯನ್ನು ಚೀಪುತ್ತಾ ಮಲಗಿತ್ತು.

"ಎಂತ ಬಿದ್ದದ್ ಅತ್ತೆ?" ಎಂದಳು ಪರದೆಯಲ್ಲಿ ಬೆಕ್ಕು ಹಾರಿದ್ದನ್ನು ಕಂಡ ಸೊಸೆ.

"ಎಂತದೂ ಇಲ್ಲೆ" ಎಂದೆ. ಅದೇ ಮಾತು, ಅದೇ ಬಾಯಿ.

ಆಮೇಲಿನ ದಿನಗಳಲ್ಲಿ ನಾಲ್ಕು ಗಂಟೆ ಬರುವುದೇ ಬೇಡ ಅನ್ನಿಸುತ್ತಿತ್ತು. ಫೋನು ರಿಂಗಾದರೆ ಒಮ್ಮೊಮ್ಮೆ ತಲೆನೋವು ಎಂದು ಎತ್ತಲಿಲ್ಲ. ಹಿತ್ತಲಲ್ಲಿ ಕಡಲಿನ ಸದ್ದು ಕೇಳಿದಾಗಲೆಲ್ಲ ಆ ಮಗುವಿಗೆ ಇದು ಕೇಳುವುದಿಲ್ಲ ಎಂದುಕೊಳ್ಳುತ್ತಿದ್ದೆ. ದೊಡ್ಡವಳಾದ ಅವಳು ನೀರಿನ ಅಂಚಿನಲ್ಲಿ ನಮಗೆ ಬೆನ್ನು ಹಾಕಿ ನಿಂತ ಹಾಗೆ ಕಣ್ಣಿಗೆ ಕಾಣುತ್ತಿತ್ತು. ತಟ್ಟೆಯಲ್ಲಿ ಅರ್ಧ ಅನ್ನ ಉಳಿಸಿ ಏಳುತ್ತಿದ್ದೆ. ಕಾಲು ನೋವಿರಬೇಕು ಎಂದು ಗಂಡ ಎಣ್ಣೆ ಬಿಸಿ ಮಾಡಿ ತಂದು ಕೊಡುತ್ತಿದ್ದರು.

ಪ್ಲಾಸ್ಟರ್ ಬಿಚ್ಚಿದ ಮರುದಿನ ಬೆಳಿಗ್ಗೆ, ಮಗುವಿಗೆ ಮೂರು ತಿಂಗಳು ತುಂಬಿದ ವಾರ, ಕೋಲು ಹಿಡಿದು ಬಸ್ಸು ಹತ್ತಿದೆ. ಗಂಡ ಬೇಡವೆಂದರು, ಕೇಳಲಿಲ್ಲ. ಕುಂದಾಪುರದಲ್ಲಿ ಬಸ್ಸು ಬದಲಿಸಿದೆ. ಕೋಟದಲ್ಲಿ ಇಳಿದು ರಿಕ್ಷಾ ಮಾಡಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಇಷ್ಟು ದಿನ ನಡುವೆ ಫೋನಿತ್ತು, ನೆಟ್‌ವರ್ಕ್ ಸರಿ ಇಲ್ಲ ಎಂದು ಮನಸ್ಸಿಗೆ ಒಂದು ನೆವ ಹೇಳಬಹುದಿತ್ತು. ಇನ್ನು ಎದುರಿಗೆ ನಿಂತು ಕರೆದೂ ತಿರುಗದಿದ್ದರೆ ನೆವ ಎಲ್ಲಿದೆ?

ಸೊಸೆಯ ತಾಯಿ ಪೇಟೆಗೆ ಹೋಗಿದ್ದರು. ಸೊಸೆ ಬಾಗಿಲಲ್ಲೇ ತುಟಿಗೆ ಬೆರಳಿಟ್ಟಳು. "ಮೆಲ್ಲ ಅತ್ತೆ. ಈಗಷ್ಟೇ ಮನಿಕಂಡದ್."

ನನಗೆ ಅಷ್ಟೇ ಬೇಕಿತ್ತು. ಪಿಸುಗುಟ್ಟುತ್ತಾ ಒಳಗೆ ಹೋದೆ. ಸೀರೆಯ ತೊಟ್ಟಿಲಲ್ಲಿ ಅವಳು, ಉಬ್ಬಿದ ಕೆನ್ನೆ, ಬಿಚ್ಚಿದ ಅಂಗೈ. ಫೋನಿನಲ್ಲಿ ಕಂಡದ್ದಕ್ಕಿಂತ ಎರಡು ಪಾಲು ಚಂದ! ನಾನು ಕರೆಯಲಿಲ್ಲ. ಕರೆಯಲು ಹೆದರಿ ಕೋಲು ಹಿಡಿದು ಸುಮ್ಮನೆ ನಿಂತೆ.

ತೊಟ್ಟಿಲ ಪಕ್ಕ ಹಳೆಯ ಹೊದಿಕೆಯನ್ನು ದಪ್ಪಕ್ಕೆ ಮಡಚಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟಿದ್ದಳು. ಆಗಲೇ ಅದರಲ್ಲಿ ಕಾಲ್ ಬಂತು. ಸೊಸೆ ಒತ್ತಿದಳು. ತಗಡಿನ ಡಬ್ಬಿಯೊಳಗೆ ನುಸಿ ಸಿಕ್ಕಿಕೊಂಡ ಹಾಗೆ ಏನೋ ಚೀಂಯ್ ಎಂದಿತು. ಕಿವಿಗೊಟ್ಟರೆ ಅದರೊಳಗೆ ಮಾತಿತ್ತು: "ಅವ್ಳ್ ಬಂದ್ ಮುಟ್ಟಿದ್ಲಾ?"

"ಇದ್ಯಾರ್ ಹೆಣ್ಣೆ?" ಎಂದು ಪಿಸುಗುಟ್ಟಿದೆ.

ಸೊಸೆ ನಗು ತಡೆದುಕೊಂಡು, "ಮಾವ ಅಲ್ದಾ ಅತ್ತೆ! ಇಷ್ಟ್ ವರ್ಷ ಸಂಸಾರ ಮಾಡಿ ಗಂಡನ್ ಸ್ವರ ಗುರ್ತ ಸಿಕ್ಕಿಲ್ಯಾ?" ಎಂದಳು. ಆ ಕಡೆಗೆ, "ಬಂದ್ರ್ ಮಾವ" ಎಂದು ಹೇಳಿ ಕಾಲ್ ಮುಗಿಸಿದಳು.

ನನ್ನ ಗಂಡನದ್ದು ಗಾಳಿಯಲ್ಲೂ ಎರಡು ದೋಣಿಯಾಚೆ ಕೇಳುವ ಸ್ವರ. ಅದರ ಬುಡವೇ ಇರಲಿಲ್ಲ, ತುದಿ ಮಾತ್ರ ಬಂದಿತ್ತು. ಯಕ್ಷಗಾನದಲ್ಲಿ ಚಂಡೆಯ ಪೆಟ್ಟು ಮಾತ್ರ ಕೇಳಿಸಿ ಮದ್ದಳೆಯ ದಪ್ಪ ಸದ್ದು ಪೂರಾ ಅಳಿಸಿಹೋದ ಹಾಗೆ.

"ನಾನ್ ಮಾತಾಡುವತಿಗೂ ಹೀಂಗೇ ಕೇಂತಾ?"

"ನಿಮ್ದ್ ಇನ್ನೂ ಕಡ್ಮಿ ಅತ್ತೆ. ನಿಮ್ಮ್ ಸ್ವರ ದಪ್ಪ ಅಲ್ದಾ, ಈ ಸಣ್ಣ್ ಪೆಟ್ಟಿಗೆಯಗೆ ಅದ್ ಬತ್ತಿಲ್ಲೆ. ಪಾತ್ರೆ ಶಬ್ದ ಎಲ್ಲ ಅದ್ರಷ್ಟಕ್ಕೇ ತೆಗ್ದ್ ಬಿಸಾಡತ್ತ್." ಅವಳು ಲ್ಯಾಪ್‌ಟಾಪನ್ನು ಎತ್ತಿ ಮಗುಚಿ ತೋರಿಸಿದಳು. ಹೊಟ್ಟೆಯ ಅಡಿಯಲ್ಲಿ, ಎರಡು ಬದಿಯಲ್ಲಿ, ಸಾಸಿವೆಯಷ್ಟು ಸಣ್ಣ ತೂತುಗಳ ಸಾಲು. "ಸ್ಪೀಕರ್ ಇಲ್ಲಿಪ್ದ್. ಹೊದ್ಕಿ ಮೇಲ್ ಇಟ್ರೆ ಬಾಯಿಗ್ ಬಟ್ಟಿ ತುರ್ಕ್ದಾಂಗೆ. ಟ್ಯೂಶನ್ನಿಗೆ ನಾನ್ ಕಿವಿಗ್ ವಯರ್ ಹಾಕ್ಕಂತೆ."

"ಮತ್ ಹೊದ್ಕಿ ಮೇಲ್ ಎಂತಕೆ ಇಟ್ಟದ್?"

"ನೀವ್ ಕೂಗುದಕ್ಕೆ ಮಗು ಹೆದ್ರೂದ್ ಬೇಡ ಅಂದೇಳಿ" ಎಂದು ತಲೆ ತಗ್ಗಿಸಿದಳು.

ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಪೆಟ್ಟಿಗೆಯ ದೋಷ ಗೊತ್ತಾಯಿತು, ಮಗುವಿನ ಕಿವಿ ಹೇಗಿದೆ ಎಂದು ಗೊತ್ತಾಗಲಿಲ್ಲ. ಹೆಸರಿಡುವ ದಿನದ ನಿದ್ದೆಗೆ ಯಾವ ಪೆಟ್ಟಿಗೆ ಕಾರಣ? ನನ್ನ ತಮ್ಮನಿಗೆ ಯಾವ ಪೆಟ್ಟಿಗೆ? ಮಗ ಹಿಂದಿನ ದಿನವೇ ದಡಕ್ಕೆ ಬಂದಿದ್ದ, ಬೋಟು ಬಂದರಿನಲ್ಲಿತ್ತು. ಕೆಟ್ಟ ಮಾತು ಆಡಬಾರದೆಂಬ ನೆವವೂ ಉಳಿದಿರಲಿಲ್ಲ. ನೆಲದ ಮೇಲೆ ಕೂತೆ.

"ನಿಂಗೆ ಒಂದ್ ಮಾತ್ ಹೇಳ್ಕ್ ಹೆಣ್ಣೆ" ಎಂದು ಪಿಸುಮಾತಿನಲ್ಲೇ ಶುರು ಮಾಡಿದೆ. ತಮ್ಮನ ಸಂಗತಿ ಹೇಳಿದೆ, ದೋಣಿಯ ಸಂಗತಿ ಹೇಳಿದೆ. ವೀಳ್ಯದೆಲೆಯ ಹತ್ತಿರ ಬರುವಾಗ ಅವಳ ಮುಖದ ನಗು ಇಳಿದುಹೋಗಿತ್ತು.

"ನಿಮ್ಮ್ ತಮ್ಮಂಗೆ ಎಂತಾಯ್ದಿತ್ತ್ ಅತ್ತೆ? ಸಮ ಹೇಳಿ" ಎಂದಳು.

ಪಿಸುಮಾತು ನನ್ನ ಗಂಟಲಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. "ಅವಂಗೆ ಕಿವಿ ಕೇಂತಿರ್ಲಿಲ್ಲೆ! ನಾನ್ ಸುಳ್ ಹೇಳ್ದೆ!" ಎಂದದ್ದು ರಸ್ತೆಯಲ್ಲಿ ಮೀನು ಕೂಗಿದ ಹಾಗೆ ಹೊರಗೆ ಬಂತು.

ತೊಟ್ಟಿಲು ಒಮ್ಮೆ ಜಗ್ಗಿತು. ಸೀರೆಯೊಳಗೆ ಎರಡು ಕೈ ಮೇಲಕ್ಕೆ ಹಾರಿದವು. ಒಂದು ಕ್ಷಣ ಸದ್ದಿಲ್ಲ, ಉಸಿರಿಲ್ಲ. ಆಮೇಲೆ ಮನೆಯ ಮಾಡು ಹಾರಿಹೋಗುವಂತೆ ಅಳು.

ನಾನು ಬಾಯಿ ಮುಚ್ಚಿಕೊಂಡೆ. ಸೊಸೆ ಎತ್ತಿ ಎದೆಗೆ ಹಾಕಿ ತಟ್ಟಿದಳು. ಅಳು ಇಳಿಯಿತು. ನಾನು ಅವಳ ಬೆನ್ನ ಹಿಂದೆ, ಮಗುವಿಗೆ ಕಾಣದ ಕಡೆ ನಿಂತು, "ಮಗಾ" ಎಂದೆ. ಬೆಚ್ಚಿತು, ಮತ್ತೆ ಅತ್ತಿತು. ಇನ್ನೊಮ್ಮೆ ಎಂದೆ. ಇನ್ನೊಮ್ಮೆ ಅತ್ತಿತು. ನನ್ನ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು, ಬಿರುಕು ಬಿಟ್ಟ ಕಾಲು ತಾನೇ ಕುಣಿಯುತ್ತಿತ್ತು.

"ಎಂತ ಮಾಡ್ತ್ರಿ ಅತ್ತೆ! ಮರ್ಕ್ಸೂದಾ ಮಗುನ್ನ?" ಎಂದು ಸೊಸೆ ಬೈದಳು. ನನಗೆ ಏನು ಹೆದರಿಕೆ ಇತ್ತೆಂದು ಆಗ ಅವಳಿಗೆ ಅರ್ಥವಾಯಿತು. "ಹುಟ್ಟಿದ್ ಎರ್ಡನೇ ದಿನವೇ ಆಸ್ಪತ್ರೆಯಗೆ ಕಿವಿಗ್ ಮಿಷನ್ ಇಟ್ ಕಂಡಿರ್. ಸಮ ಇತ್ತ್ ಅಂದಿರ್. ಒಂದ್ ಮಾತ್ ಕೇಂಡಿದ್ರೆ ಹೇಳ್ತಿದ್ದೆ ಅಲ್ದಾ?"

ಕೇಳುವುದಕ್ಕೆ ಬಾಯಿ ಬೇಕಿತ್ತಲ್ಲ. ಊರೆಲ್ಲ ಕೂಗುವ ಬಾಯಿ ಅದೊಂದಕ್ಕೆ ತೆರೆದಿರಲಿಲ್ಲ.

ಆಮೇಲೆ ಅವಳು ಮಗುವಿನ ಬೆನ್ನು ಸವರುತ್ತಾ, ನನ್ನನ್ನು ನೋಡದೆ, "ಅವತ್ತೇ ಹೇಳಿದ್ರೂ ನಾನ್ ನಿಮ್ಮನಿಗೆ ಬತ್ತಿದ್ದೆ. ದೊಡ್ಡಪ್ಪಂಗೆ ಮಾತ್ರ ನೀವೇ ಹೇಳ್ಕ್. ನಾನ್ ಹೇಳ್ತಿಲ್ಲೆ, ಮುಚ್ಚಿಡೂದೂ ಇಲ್ಲೆ" ಎಂದಳು. ದೊಡ್ಡಪ್ಪನ ಮನೆ ಎರಡು ಗದ್ದೆಯ ಆಚೆ.

"ಇವತ್ತೇ ಹೋತೆ" ಎಂದೆ.

"ಮೊದ್ಲ್ ನೀವ್ ಹೊರ್ಗ್ ಹೋಯ್ನಿ. ಇದ್ ಮನಿಕಂಬುಕಿಲ್ಯಾ?"

ಕೋಲು ತೆಗೆದುಕೊಂಡು ಅಂಗಳಕ್ಕೆ ಇಳಿದೆ. ತುಳಸಿಕಟ್ಟೆ ದಾಟಿ, ಬಾವಿ ದಾಟಿ, ಗದ್ದೆಯ ದಾರಿಗೆ ಬಂದೆ. ದೊಡ್ಡಪ್ಪನ ಎದುರು ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಆದರೂ ತಡೆಯಲಾಗಲಿಲ್ಲ. ಅಲ್ಲಿಂದಲೇ ತಿರುಗಿ, "ಹ್ವಾಯ್ ಮಗಾ!" ಎಂದು ಕೂಗಿದೆ. ಮನೆಯೊಳಗೆ ಅಳು ಮತ್ತೆ ಶುರುವಾಯಿತು, ಅದರ ಮೇಲೆ ಸೊಸೆಯ ಬೈಗುಳ.