ಸವಾರನ ಕೋಟು

ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲೇ ಗಿರಾಕಿಯ ತೂಕ ನನಗೆ ಸಿಕ್ಕಿಬಿಡುತ್ತದೆ. ಆಕೆಯನ್ನೂ ಹಾಗೇ ಅಳೆದೆ. ವಯಸ್ಸು ಐವತ್ತೈದು ದಾಟಿದೆ. ಚಪ್ಪಲಿಗೆ ಎರಡು ಸಲ ಹೊಲಿಗೆ ಬಿದ್ದಿದೆ, ಆದರೆ ಹೊಲಿಗೆ ನೀಟಾಗಿದೆ. ಬಲಗೈ ಹೆಬ್ಬೆರಳು ಜಡ್ಡುಗಟ್ಟಿದೆ, ಅಂದರೆ ಕತ್ತರಿ ಆಡಿಸಿದ ಕೈ. ಕಣ್ಣು ಬೆಲೆಚೀಟಿಯ ಮೇಲೆ ಹೋಗದೆ ನೇರ ಬಟ್ಟೆಯ ಅಂಚಿಗೆ ಹೋಯಿತು. ಕೊಳ್ಳುವವಳಲ್ಲ, ಸುಮ್ಮನೆ ಹೊತ್ತು ಕಳೆಯಲು ಬಂದವಳೂ ಅಲ್ಲ. ಇಂಥವರಿಂದ ಲಾಭವಿಲ್ಲ, ತಲೆನೋವುಂಟು ಎಂದುಕೊಂಡೆ.

ನನ್ನದು ಹಳೇ ವೇಷಭೂಷಣದ ವ್ಯಾಪಾರ. ಸಿನಿಮಾ, ನಾಟಕ, ಧಾರಾವಾಹಿ ಮುಗಿದ ಮೇಲೆ ಉಳಿಯುವ ರಾಜನ ಕಿರೀಟ, ಪೊಲೀಸನ ಟೋಪಿ, ದೆವ್ವದ ಬಿಳಿ ನಿಲುವಂಗಿಗಳನ್ನು ಗಂಟುಗಟ್ಟಲೆ ಕೊಂಡು ಬಿಡಿಬಿಡಿಯಾಗಿ ಮಾರುತ್ತೇನೆ, ಬಾಡಿಗೆಗೂ ಕೊಡುತ್ತೇನೆ. ಹಾಗೆ ಕೊಂಡ ಗಂಟುಗಳಲ್ಲೊಂದು ಅಂತರಿಕ್ಷದ ಕುದುರೆ ಸವಾರರ ಧಾರಾವಾಹಿಯದು. ನಗಬೇಡಿ, ಅಂಥದ್ದೊಂದಿತ್ತು. ಒಂದು ಲಟಾರಿ ಸರಕು ನೌಕೆ, ಅದರಲ್ಲಿ ಏಳು ಜನ. ಗ್ರಹದಿಂದ ಗ್ರಹಕ್ಕೆ ಹೋಗುವುದು, ಧೂಳಿನ ಊರುಗಳಲ್ಲಿ ಇಳಿಯುವುದು, ಅಗಲ ಟೋಪಿ ಹಾಕಿ ಸೊಂಟಕ್ಕೆ ಪಿಸ್ತೂಲು ಕಟ್ಟಿ ಕುದುರೆ ಓಡಿಸುವುದು. ರಾಕೆಟ್ ಇದ್ದವರಿಗೆ ಕುದುರೆ ಯಾಕೆ ಎಂದು ಟಿವಿಯವರಿಗೇ ಅನುಮಾನ. ಒಂದೊಂದು ವಾರ ಒಂದೊಂದು ಹೊತ್ತಿಗೆ ಹಾಕಿ, ನೋಡುವವರೇ ಇಲ್ಲ ಎಂದು ಒಂಬತ್ತನೇ ಕಂತಿಗೆ ಕೈತೊಳೆದುಕೊಂಡರು.

ಆ ಒಂಬತ್ತನೇ ಕಂತಿನ ಕೊನೆಯಲ್ಲಿ ನೌಕೆಯ ಬಾಗಿಲು ಮೆಲ್ಲಗೆ ಮುಚ್ಚುತ್ತಿರುತ್ತದೆ. ಕಂದು ಬಣ್ಣದ ಉದ್ದ ಕೋಟಿನ ಕಪ್ತಾನ ಅದರತ್ತ ಕುದುರೆ ಓಡಿಸುತ್ತಿರುತ್ತಾನೆ. ಅವನ ಬೆನ್ನು ಮಾತ್ರ ಕಾಣುತ್ತದೆ. ಮುಂದೇನಾಯಿತೆಂದು ಹೇಳಲು ಹತ್ತನೇ ಕಂತೇ ಬರಲಿಲ್ಲ. ನಾನು ಆ ಗಂಟನ್ನು ದಂಡವೆಂದು ಮೂಲೆಗೆ ತಳ್ಳಿದ್ದೆ. ನಾಲ್ಕೈದು ವರ್ಷ ಕಳೆದಾಗ ಒಬ್ಬೊಬ್ಬರೇ ಬರತೊಡಗಿದರು. ಬ್ಯಾಂಕಿನ ಗುಮಾಸ್ತರು, ನರ್ಸುಗಳು, ಗಣಿತದ ಮೇಷ್ಟ್ರು. ಕಪ್ತಾನ ತಲುಪಿದನೋ ಇಲ್ಲವೋ ಎಂದು ನನ್ನ ಅಂಗಡಿಯಲ್ಲೇ ನಿಂತು ಕಚ್ಚಾಡುತ್ತಿದ್ದರು. ತೊಂಬತ್ತು ಕಂತು ಬಂದಿದ್ದರೆ ಇವರಿಗೇ ಬೇಸರ ಬರುತ್ತಿತ್ತು. ಅರ್ಧಕ್ಕೆ ನಿಂತದ್ದರಿಂದಲೇ ಅದು ಅವರ ಎದೆಯಿಂದ ಇಳಿದಿರಲಿಲ್ಲ.

ಆಕೆ ಬಂದದ್ದೂ ಅದೇ ಕೋಟಿಗೆ. ಆ ಧಾರಾವಾಹಿಯ ಬಟ್ಟೆ ಹೊಲಿದವರಲ್ಲಿ ತಾನೂ ಒಬ್ಬಳೆಂದಳು. ಕಪ್ತಾನನ ಕೋಟು ನಾಲ್ಕು ಹೊಲಿದಿದ್ದರಂತೆ: ಮೂರು ನಟನಿಗೆ, ಒಂದು ಅವನ ಬದಲಿಗೆ ಕುದುರೆ ಓಡಿಸುವ ಡೂಪ್‌ಗೆ. ಆ ಡೂಪ್ ಆಕೆಯ ಗಂಡ. ಹೊರಗಿನಿಂದ ನಾಲ್ಕೂ ಒಂದೇ. ಆದರೆ ಲಗಾಮು ಎತ್ತಿದರೆ ಬೆನ್ನು ಹಿಡಿಯುತ್ತದೆ ಎಂದು ಗಂಡ ಗೊಣಗಿದ್ದಕ್ಕೆ, ಆತನ ಕೋಟಿನ ಎರಡೂ ಕಂಕುಳಲ್ಲಿ ಚೌಕಾಕಾರದ ತುಂಡೊಂದನ್ನು ಓರೆಯಾಗಿ ಕೂರಿಸಿ ಹೊಲಿದಿದ್ದಳು.

ಧಾರಾವಾಹಿ ನಿಂತ ವಾರವೇ ಕುದುರೆಗಳನ್ನು ಮಾರಿದರು. ಆತ ಸಾಮಾನು ಸಾಗಿಸುವ ವ್ಯಾನು ಹಿಡಿದ. ಎರಡನೇ ವರ್ಷ ಸ್ಟೀರಿಂಗ್ ಹಿಡಿದಿದ್ದಾಗಲೇ ಎದೆನೋವು ಬಂದು ಹೋಗಿಬಿಟ್ಟ. ಮೊನ್ನೆ ಬಸ್‌ಸ್ಟಾಪಿನಲ್ಲಿ ಯಾರೋ ತರುಣನ ಅಂಗಿಯ ಮೇಲೆ ಅಚ್ಚಾಗಿದ್ದ ಆ ಕೊನೆಯ ದೃಶ್ಯದಲ್ಲಿ ಗಂಡನ ಬೆನ್ನು ಕಂಡು, ಅವನ ಹಿಂದೆಯೇ ಬಸ್ಸು ಹತ್ತಿದಳಂತೆ. ಇಂಥ ಕೋಟುಗಳೆಲ್ಲ ಎಲ್ಲಿ ಹೋದವೆಂದು ಕೇಳಿದ್ದಕ್ಕೆ ಅವನು ನನ್ನ ಅಂಗಡಿ ತೋರಿಸಿದ.

"ಫೋಟೋ ಬೇಕಾದಷ್ಟಿವೆ ಸಾವ್ಕಾರ್ರೆ," ಎಂದಳು. "ಊರಿಗೆಲ್ಲ ಹೊಲಿದೆ, ನಮ್ಮೋರು ಮಾತ್ರ ರೆಡಿಮೇಡ್ ಹಾಕ್ಕೊಂಡೇ ಜೀವನ ಕಳೆದ್ರು. ಅವರ ಮೈ ಅಳತೆ ತಗೊಂಡು ಹೊಲಿದಿದ್ದು ಅದೊಂದೇ."

ನನ್ನಲ್ಲಿ ಉಳಿದಿದ್ದ ಒಂದೇ ಕೋಟನ್ನು ಮುಂದಿಟ್ಟೆ. ಕಂಕುಳು ತಿರುಗಿಸಿ ನೋಡಿ, ಮಡಿಸಿ ಹಿಂದಕ್ಕಿಟ್ಟಳು. ಅದು ನಟನದ್ದು.

ಸವಾರನ ಕೋಟು ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಪ್ರತಿ ಕೋಟಿನ ಕಾಲರ್ ಒಳಗೆ ಬಟ್ಟೆಯ ಚೀಟಿಯಿತ್ತು. ಮೂರರಲ್ಲಿ 'ನಾಯಕ', ಒಂದರಲ್ಲಿ 'ಸವಾರ'. ಡೂಪ್ ಹಾಕಿದ ಕೋಟೆಂದರೆ ಅರ್ಧ ಬೆಲೆಗೂ ಯಾರೂ ಮೂಸುವುದಿಲ್ಲವೆಂದು ನಾನೇ ಬ್ಲೇಡು ಹಿಡಿದು ಆ ಚೀಟಿ ಕಿತ್ತಿದ್ದೆ. ಒಬ್ಬ ಹಲ್ಲಿನ ಡಾಕ್ಟರು ನಿಜವಾದ ಧೂಳು, ಕುದುರೆಯ ಬೆವರು ಮೆತ್ತಿದ ಕೋಟೇ ಬೇಕೆಂದು ಹಟ ಹಿಡಿದಾಗ, ಇದು ಖುದ್ದು ಕಪ್ತಾನನೇ ಹಾಕಿದ್ದು ಎಂದು ಬರೆದು ಸಹಿ ಮಾಡಿ ಕೊಟ್ಟಿದ್ದೆ. ಈಗ ಬಾಯಿ ಬಿಟ್ಟರೆ ನನ್ನ ಸಹಿಯ ಬೆಲೆ ಬೀದಿಗೆ ಬರುತ್ತಿತ್ತು. ಯಾರು ಕೊಂಡರೋ ನೆನಪಿಲ್ಲ ಎಂದುಬಿಟ್ಟೆ.

ಆಕೆ ಕಣ್ಣೀರು ಹಾಕಲಿಲ್ಲ. ಬಾಡಿಗೆಗೆ ಹೋದ ಬಟ್ಟೆ ಹರಿದು ಬಂದರೆ ಯಾರು ಹೊಲಿಯುತ್ತಾರೆಂದು ಕೇಳಿದಳು. ಹೊರಗೆ ಕೊಡುತ್ತೇನೆ ಎಂದೆ. "ನಾನೇ ಹೊಲೀತೀನಿ. ಎಂದಾದ್ರೂ ಅದು ಇಲ್ಲಿಗೇ ವಾಪಸ್ ಬರಬಹುದು, ನೋಡಿ."

ಮೂರು ವರ್ಷ ಕಿಟಕಿಯ ಪಕ್ಕ ಮೆಷಿನ್ ಇಟ್ಟುಕೊಂಡು ಕೂತಳು. ಎಲ್ಲರ ಬಾಯಲ್ಲೂ ಅಕ್ಕನಾದಳು. ನಾನು ಬೆಲೆ ಹೇಳುವಾಗ ಕೆಮ್ಮುವ ಕೆಟ್ಟ ಅಭ್ಯಾಸವೊಂದು ಆಕೆಗಿತ್ತು. ನನ್ನ ಸುಳ್ಳಿಗೂ ಅಕ್ಕನ ಕೆಮ್ಮಿಗೂ ತಾಳ ಸರಿಯಾಗಿ ಕೂಡುತ್ತಿತ್ತು. ಯಾವುದೇ ಗಂಟು ಬಿಚ್ಚಲಿ, ಕಂದು ಬಣ್ಣ ಕಂಡರೆ ಮೊದಲು ಕಂಕುಳು ತಿರುಗಿಸಿ ನೋಡುತ್ತಿದ್ದಳು, ಆಮೇಲೆ ಸೂಜಿ ಪೋಣಿಸುತ್ತಿದ್ದಳು. ನಾನು ಆ ಕಡೆ ನೋಡದೆ ಬೆಲೆಚೀಟಿ ಬರೆಯುತ್ತಿದ್ದೆ.

ಒಂದು ಮಧ್ಯಾಹ್ನ ಅಭಿಮಾನಿಗಳು ಎಂದಿನಂತೆ ಕಚ್ಚಾಡಿ ಹೋದ ಮೇಲೆ, ನಿಜಕ್ಕೂ ಕಪ್ತಾನ ತಲುಪಿದನಾ ಎಂದು ನಾನೇ ಕೇಳಿದೆ.

"ತಲುಪಿದ್ರು ಸಾವ್ಕಾರ್ರೆ. ಹಲಗೆ ಬಾಗಿಲದು, ಹಿಂದೆ ಏನೂ ಇರ್ಲಿಲ್ಲ, ಬರೀ ಬಯಲು. ಕುದುರೆ ನಿಲ್ಲಿಸಿ ನನ್ನ ಹತ್ರ ಬಂದು ಎರಡೂ ಕೈ ಮೇಲೆತ್ತಿ ತೋರಿಸಿದ್ರು. ಈಗ ಎಲ್ಲೂ ಹಿಡಿಯಲ್ಲ ಕಣೇ ಅಂದ್ರು." ಹೊಲಿಗೆಯ ದಾರ ಕತ್ತರಿಸಿ, "ಅದೇ ಕೊನೇ ಶೂಟಿಂಗು," ಎಂದಳು.

ಆಗಲಾದರೂ ಹೇಳಬಹುದಿತ್ತು. ಮತ್ತೆ ಬೆಲೆಚೀಟಿ ಬರೆಯಲು ಕೂತೆ.

ಈ ವರ್ಷ ಅಕ್ಕನಿಗೆ ಶ್ವಾಸಕೋಶದ ಕಾಯಿಲೆ ಹಿಡಿಯಿತು. ಮೂರು ವಾರ ಆಸ್ಪತ್ರೆಯಲ್ಲಿದ್ದಳು. ನೋಡಲು ಹೋದಾಗ ಹೊಸ ಗಂಟೇನಾದರೂ ಬಂತೇ ಎಂದು ಕೇಳಿದಳು. ಇಲ್ಲವೆಂದೆ. ನಾಲ್ಕನೇ ವಾರ ಹಾಸಿಗೆ ಖಾಲಿಯಾಗಿತ್ತು.

ಎಲ್ಲ ಮುಗಿದ ಮೇಲೆ ನನಗೆ ಧೈರ್ಯ ಬಂತು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹೋದೆ. ರೋಗಿಗಳು ಕಾಯುವ ಕೋಣೆಯಲ್ಲಿ, ಗಾಜಿನ ಬೀರುವಿನೊಳಗೆ ಕೋಟು ತೂಗುತ್ತಿತ್ತು. ಚೀಟಿ ಕಿತ್ತದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ಬೀರು ತೆಗೆದು ತೋಳೆತ್ತಿ ಕಂಕುಳಿನ ಓರೆ ಚೌಕವನ್ನು ಬೆರಳಿನಿಂದ ಸವರಿದರು.

"ಅಂದ್ರೆ ಆ ಕೊನೇ ದೃಶ್ಯದಲ್ಲಿರೋದು ಇದೇ ಕೋಟಾ? ನಟನ ಕೋಟಿಗಿಂತ ಇದರ ಬೆಲೆ ದೊಡ್ಡದಲ್ವೇನ್ರೀ," ಎಂದರು. ಆಮೇಲೆ, "ಮೊದಲೇ ಬಂದು ಹೇಳೋಕೆ ಏನಾಗಿತ್ತು ನಿಮಗೆ? ಆ ತಾಯಿಗೇ ಕೊಟ್ಟುಬಿಡ್ತಿದ್ದೆ."

ಸುಳ್ಳು ಹೇಳುವ ಮುಖವಲ್ಲ ಅದು. ಮುಖ ಓದುವುದು ನನ್ನ ಕಸುಬು.

ಅಕ್ಕನಿಗೆ ನಾನು ಒಂದು ಕೋಟು ಕೊಡಬೇಕಿತ್ತು. ಅದು ಎಲ್ಲಿದೆಯೆಂದು ಮೂರು ವರ್ಷವೂ ಗೊತ್ತಿತ್ತು. ಕೊಡಲಿಲ್ಲ.